ದೌರ್ಜನ್ಯ ಪ್ರಕರಣಗಳಲ್ಲಿ ದೂರು ನೀಡಲು ಉತ್ತೇಜಿಸುವ ಜಾಗೃತಿ ಕಾರ್ಯಕ್ರಮ: ಯೋಜನೆ ಮತ್ತು ಅನುಷ್ಠಾನ

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಸೇರಿದವರ ಮೇಲೆ ಜಾತಿಯ ಕಾರಣದಿಂದ ನಡೆಯುವ ಹಲ್ಲೆ, ಅವಮಾನ, ಬಹಿಷ್ಕಾರ ಮುಂತಾದ ಕೃತ್ಯಗಳು ದ್ವೇಷಾಪರಾಧಗಳಾಗಿವೆ. ಇವುಗಳಲ್ಲಿ ಅನೇಕವು ಪೊಲೀಸ್ ಠಾಣೆಯವರೆಗೆ ಬರುವುದೇ ಇಲ್ಲ. ನೊಂದವರು ನಿರ್ಭೀತಿಯಿಂದ ದೂರು ನೀಡುವಂತಾಗಲು ಗ್ರಾಮ ಮಟ್ಟದಲ್ಲಿ ಜಾಗೃತಿ ಕಾರ್ಯಕ್ರಮ ಹಮ್ಮಿಕೊಳ್ಳಲು ಇಚ್ಛಿಸುವ ಗ್ರಾಮ ಪಂಚಾಯಿತಿಗಳು, ಸ್ವಸಹಾಯ ಸಂಘಗಳು, ವಿದ್ಯಾರ್ಥಿ ನಿಲಯಗಳು ಹಾಗೂ ಸ್ವಯಂಸೇವಾ ಸಂಸ್ಥೆಗಳ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದೂರು ನೀಡಬಯಸುವ ಸಾರ್ವಜನಿಕರು 5, 6 ಮತ್ತು 9ನೇ ಭಾಗಗಳನ್ನು ನೇರವಾಗಿ ಓದಿಕೊಳ್ಳಬಹುದು.

1. ಕಾನೂನಿನ ಹಿನ್ನೆಲೆ

ಸಂವಿಧಾನದ 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಅಸ್ಪೃಶ್ಯತೆಯ ಆಚರಣೆಯನ್ನು ದಂಡಿಸಲು 1955ರಲ್ಲಿ ಜಾರಿಗೆ ಬಂದ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಡಲಾಯಿತು. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳ (ದೌರ್ಜನ್ಯ ತಡೆ) ಕಾಯ್ದೆ, 1989 ಇದು 30-01-1990ರಿಂದ ಜಾರಿಯಲ್ಲಿದ್ದು, ಇದರ ನಿಯಮಗಳನ್ನು 1995ರಲ್ಲಿ ರಚಿಸಲಾಗಿದೆ. 2015ರ ತಿದ್ದುಪಡಿಯು 26-01-2016ರಿಂದ ಜಾರಿಗೆ ಬಂದು, ಹೊಸ ಅಪರಾಧಗಳನ್ನೂ ಸಂತ್ರಸ್ತರ ಹಾಗೂ ಸಾಕ್ಷಿಗಳ ಹಕ್ಕುಗಳನ್ನೂ ಕಾಯ್ದೆಯಲ್ಲಿ ಸೇರಿಸಿತು.

ಜಾಗೃತಿ ಕಾರ್ಯಕ್ರಮ ನಡೆಸುವುದು ಐಚ್ಛಿಕ ಕಾರ್ಯವಲ್ಲ. ದೌರ್ಜನ್ಯ ಸಂಭವವಿರುವ ಪ್ರದೇಶಗಳನ್ನು ಗುರುತಿಸಿ, ಅಲ್ಲಿ ಅರಿವು ಕೇಂದ್ರಗಳನ್ನು ಸ್ಥಾಪಿಸಿ ಕಾರ್ಯಾಗಾರಗಳನ್ನು ನಡೆಸುವುದನ್ನೂ, ಈ ಕಾರ್ಯದಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೆ ನೆರವು ನೀಡುವುದನ್ನೂ 1995ರ ನಿಯಮಗಳ 3ನೇ ನಿಯಮವು ರಾಜ್ಯ ಸರ್ಕಾರದ ಮುನ್ನೆಚ್ಚರಿಕೆ ಕ್ರಮಗಳಲ್ಲಿ ಸೇರಿಸಿದೆ.

2. ದೂರುಗಳು ಬಾರದಿರಲು ಕಾರಣಗಳು

ಕಾರ್ಯಕ್ರಮ ರೂಪಿಸುವ ಮೊದಲು ಆಯಾ ಗ್ರಾಮದಲ್ಲಿ ಜನರು ದೂರು ನೀಡದಿರಲು ಕಾರಣವೇನೆಂಬುದನ್ನು ತಿಳಿಯುವುದು ಅವಶ್ಯಕ. ಸಾಮಾನ್ಯವಾಗಿ ಕಂಡುಬರುವ ಕಾರಣಗಳು ಈ ಕೆಳಕಂಡಂತಿವೆ.

ಅ) ಜೀವನೋಪಾಯದ ಅವಲಂಬನೆ. ಕೂಲಿ, ಗೇಣಿ, ಸಾಲ, ದಿನಸಿ, ಹಿಟ್ಟಿನ ಗಿರಣಿ ಎಲ್ಲವೂ ಎದುರು ಪಕ್ಷದವರ ಕೈಯಲ್ಲಿರುವಾಗ, ದೂರು ನೀಡಿದ ಮರುದಿನದ ಊಟದ ಚಿಂತೆಯೇ ಮುಂದಾಗುತ್ತದೆ.
ಆ) ಗ್ರಾಮದ ಹಿರಿಯರು ರಾಜಿ ಮಾಡಿಸಿ, ಠಾಣೆಗೆ ಹೋಗದಂತೆ ಮಾತು ತೆಗೆದುಕೊಳ್ಳುವುದು.
ಇ) ಪ್ರತಿ ದೂರು ದಾಖಲಾಗಬಹುದೆಂಬ ಭಯ.
ಈ) ಹಿಂದೆ ದೂರು ನೀಡಿದವರಿಗೆ ಠಾಣೆಯಲ್ಲಿ ಅಥವಾ ನ್ಯಾಯಾಲಯದಲ್ಲಿ ಆದ ಅನುಭವ.
ಉ) ಎರಡು ಲೋಟ ಪದ್ಧತಿ, ಕ್ಷೌರ ನಿರಾಕರಣೆ, ದೇವಾಲಯ ಪ್ರವೇಶ ನಿರಾಕರಣೆ ಮುಂತಾದವು ಊರಿನ ರೂಢಿಯೆಂಬ ಭಾವನೆ, ಅವು ಅಪರಾಧಗಳೆಂಬ ಅರಿವಿಲ್ಲದಿರುವುದು.

ಇವುಗಳಲ್ಲಿ ಕೊನೆಯ ಕಾರಣವನ್ನು ಮಾತ್ರ ಭಿತ್ತಿಪತ್ರ ಮತ್ತು ಭಾಷಣಗಳಿಂದ ನಿವಾರಿಸಬಹುದು. ಉಳಿದ ನಾಲ್ಕು ಕಾರಣಗಳಿಗೆ ಆಡಳಿತದ ಕ್ರಮವೇ ಉತ್ತರವಾಗಿರುತ್ತದೆ.

3. ರಾಜ್ಯದ ಎರಡು ಪ್ರಕರಣಗಳು

ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರ ಗ್ರಾಮದಲ್ಲಿ 2021ರ ಸೆಪ್ಟೆಂಬರ್‌ನಲ್ಲಿ ಪರಿಶಿಷ್ಟ ಜಾತಿಯ ಪುಟ್ಟ ಬಾಲಕನೊಬ್ಬನು ದೇವಾಲಯದೊಳಗೆ ಹೋದನೆಂಬ ಕಾರಣಕ್ಕೆ, ಶುದ್ಧೀಕರಣದ ಹೆಸರಿನಲ್ಲಿ ಆತನ ಕುಟುಂಬಕ್ಕೆ ದಂಡ ವಿಧಿಸಲಾಯಿತು. ಕುಟುಂಬದವರು ದೂರು ನೀಡಲು ಮುಂದೆ ಬರಲಿಲ್ಲ. ಅಧಿಕಾರಿಗಳೇ ಮುಂದಾಗಿ ಪ್ರಕರಣ ದಾಖಲಾಗುವಂತೆ ಮಾಡಬೇಕಾಯಿತು. ಅದೇ ಊರಿನಲ್ಲಿ ಬದುಕು ಮುಂದುವರಿಸಬೇಕಾದ ಕುಟುಂಬದ ಮೌನವನ್ನು ಒಪ್ಪಿಗೆಯೆಂದು ಭಾವಿಸತಕ್ಕದ್ದಲ್ಲ.

ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ, ಇಂದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿರುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 11-03-2000ರಂದು ಏಳು ಮಂದಿ ದಲಿತರನ್ನು ಸಜೀವವಾಗಿ ದಹಿಸಲಾಯಿತು. ವಿಚಾರಣೆಯ ವೇಳೆ ಸಾಕ್ಷಿಗಳು ಪ್ರತಿಕೂಲ ಹೇಳಿಕೆ ನೀಡಿದರು. 2006ರಲ್ಲಿ ಆರೋಪಿಗಳು ಖುಲಾಸೆಗೊಂಡರು. 2014ರಲ್ಲಿ ಉಚ್ಚ ನ್ಯಾಯಾಲಯವೂ ಆ ತೀರ್ಪನ್ನು ಎತ್ತಿಹಿಡಿಯಿತು. ಪ್ರಕರಣ ದಾಖಲಾದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲ. ದೂರುದಾರರಿಗೂ ಸಾಕ್ಷಿಗಳಿಗೂ ಕೊನೆಯವರೆಗೆ ರಕ್ಷಣೆ ಬೇಕೆಂಬುದು ಇದರಿಂದ ತಿಳಿದುಬರುತ್ತದೆ.

4. ಪೂರ್ವಸಿದ್ಧತೆ

ದೂರು ನೀಡಿರೆಂದು ಜನರಿಗೆ ಹೇಳುವ ಮೊದಲು, ದೂರನ್ನು ಸ್ವೀಕರಿಸುವ ಕಡೆಯಲ್ಲಿ ಸಿದ್ಧತೆ ಪೂರ್ಣಗೊಂಡಿರಬೇಕು. ಮಾತು ನಂಬಿ ಠಾಣೆಗೆ ಬಂದ ಮೊದಲ ದೂರುದಾರರು ಬರಿಗೈಯಲ್ಲಿ ಹಿಂದಿರುಗಿದರೆ, ಆ ಗ್ರಾಮದಿಂದ ಎರಡನೆಯ ದೂರು ಬರುವುದಿಲ್ಲ. ಆದ್ದರಿಂದ ಕಾರ್ಯಕ್ರಮದ ದಿನಾಂಕ ನಿಗದಿಪಡಿಸುವ ಮೊದಲು ಈ ಕೆಳಗಿನ ಅಂಶಗಳನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಅ) ತಾಲ್ಲೂಕು ಸಮಾಜ ಕಲ್ಯಾಣ ಕಚೇರಿ, ತಹಶೀಲ್ದಾರರು ಮತ್ತು ಪೊಲೀಸ್ ಠಾಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸುವುದು.
ಆ) ಠಾಣೆಯಲ್ಲಿ ದೂರು ಸ್ವೀಕರಿಸುವ ಸಿಬ್ಬಂದಿಗೆ ಕಾಯ್ದೆಯ 4ನೇ ಪ್ರಕರಣದ ಕರ್ತವ್ಯಗಳನ್ನು ಮನವರಿಕೆ ಮಾಡಿಸುವಂತೆ ಕೋರುವುದು.
ಇ) ದೂರುದಾರರೊಂದಿಗೆ ಠಾಣೆಗೆ ಹೋಗಿಬರಲು ಒಪ್ಪುವ ಇಬ್ಬರು ಅಥವಾ ಮೂವರನ್ನು ಮೊದಲೇ ಗುರುತಿಸುವುದು; ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರುವುದು ಸೂಕ್ತ.
ಈ) ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರೊಬ್ಬರ ನೆರವು ಪಡೆಯುವುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಮೇರೆಗೆ ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರಾಗಿರುತ್ತಾರೆ.

5. ಕಾರ್ಯಕ್ರಮದಲ್ಲಿ ತಿಳಿಸಬೇಕಾದ ಮುಖ್ಯ ವಿಷಯಗಳು

ಅ) ನೊಂದವರೇ ದೂರು ನೀಡಬೇಕೆಂದಿಲ್ಲ. ಘಟನೆಯ ವಿಷಯ ತಿಳಿದ ಯಾರೇ ಆದರೂ ಮಾಹಿತಿ ನೀಡಬಹುದು.
ಆ) ದೂರನ್ನು ಬಾಯಿಮಾತಿನಲ್ಲಿಯೂ ನೀಡಬಹುದು. ಠಾಣಾಧಿಕಾರಿಯು ಅದನ್ನು ಬರೆದುಕೊಂಡು, ಓದಿ ಹೇಳಿ, ಬಳಿಕವೇ ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಪಡೆಯಬೇಕು. ಅದರ ಪ್ರತಿಯನ್ನು ತಕ್ಷಣ ಉಚಿತವಾಗಿ ನೀಡಬೇಕು.
ಇ) ಪ್ರಥಮ ವರ್ತಮಾನ ವರದಿ ದಾಖಲಿಸಲು ಪ್ರಾಥಮಿಕ ವಿಚಾರಣೆಯ ಅಗತ್ಯವಿಲ್ಲವೆಂದು 2018ರ ತಿದ್ದುಪಡಿಯಲ್ಲಿ ಸ್ಪಷ್ಟಪಡಿಸಲಾಗಿದೆ.
ಈ) ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದೆಯೆಂಬ ಕಾರಣಕ್ಕೆ ದೂರನ್ನು ನಿರಾಕರಿಸುವಂತಿಲ್ಲ. 01-07-2024ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣದಂತೆ ಯಾವುದೇ ಠಾಣೆಯಲ್ಲಿ ಮಾಹಿತಿ ನೀಡಬಹುದು.
ಉ) ಠಾಣೆಯಲ್ಲಿ ದೂರು ಸ್ವೀಕರಿಸದಿದ್ದಲ್ಲಿ, ಅದರ ಸಾರಾಂಶವನ್ನು ಬರೆದು ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ ಅಂಚೆ ಮೂಲಕ ಕಳುಹಿಸಬಹುದು. ಅಂಚೆ ರಸೀದಿಯನ್ನು ಜೋಪಾನವಾಗಿಡಬೇಕು.
ಊ) ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಸೇರದ ಸರ್ಕಾರಿ ನೌಕರರು ಉದ್ದೇಶಪೂರ್ವಕವಾಗಿ ಕರ್ತವ್ಯಲೋಪವೆಸಗಿದಲ್ಲಿ, ಆಡಳಿತಾತ್ಮಕ ವಿಚಾರಣೆಯ ಶಿಫಾರಸಿನ ಮೇರೆಗೆ, 4ನೇ ಪ್ರಕರಣದಡಿ ಆರು ತಿಂಗಳಿಂದ ಒಂದು ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುತ್ತಾರೆ.
ಋ) ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದಷ್ಟೇ ಅಲ್ಲ, ಹಾಕುವೆವೆಂದು ಬೆದರಿಸುವುದೂ 2016ರಿಂದ ಪ್ರತ್ಯೇಕ ಅಪರಾಧವಾಗಿದೆ.

ಕಾನೂನಿನ ಮಿತಿಯನ್ನೂ ಮರೆಮಾಚದೆ ತಿಳಿಸಬೇಕು. ಉದಾಹರಣೆಗೆ, ಜಾತಿ ಹೆಸರಿನಿಂದ ನಿಂದಿಸಿದ ಆರೋಪಕ್ಕೆ ಆ ನಿಂದನೆಯು ಸಾರ್ವಜನಿಕರ ದೃಷ್ಟಿಗೆ ಬೀಳುವ ಸ್ಥಳದಲ್ಲಿ ನಡೆದಿರಬೇಕಾಗುತ್ತದೆ. ಆದ್ದರಿಂದ ಸ್ಥಳ, ಸಮಯ, ಹಾಜರಿದ್ದವರ ಹೆಸರು ಮತ್ತು ಆಡಿದ ಮಾತುಗಳನ್ನು ನೆನಪಿರುವಾಗಲೇ ಬರೆದಿಟ್ಟುಕೊಳ್ಳುವಂತೆ ಸಲಹೆ ನೀಡಬೇಕು.

6. ತನಿಖೆ, ಪರಿಹಾರ ಮತ್ತು ರಕ್ಷಣೆ

ತನಿಖೆಯನ್ನು ಪೊಲೀಸ್ ಉಪಾಧೀಕ್ಷಕರ ದರ್ಜೆಗಿಂತ ಕಡಿಮೆಯಲ್ಲದ ಅಧಿಕಾರಿಯು ನಡೆಸಿ, 60 ದಿನಗಳೊಳಗೆ ಪೂರ್ಣಗೊಳಿಸಬೇಕು. ದೋಷಾರೋಪಣ ಪಟ್ಟಿ ಸಲ್ಲಿಕೆಯಾದ ಬಳಿಕ ವಿಶೇಷ ನ್ಯಾಯಾಲಯವು ಸಾಧ್ಯವಾದಷ್ಟೂ ಎರಡು ತಿಂಗಳೊಳಗೆ ಪ್ರಕರಣ ಇತ್ಯರ್ಥಪಡಿಸಬೇಕೆಂದು ಕಾಯ್ದೆಯಲ್ಲಿದೆ. ಆದರೆ ವಾಸ್ತವದಲ್ಲಿ ವಿಳಂಬವಾಗುವುದುಂಟು. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ನಡೆದ ಹಲ್ಲೆಯ ಪ್ರಕರಣದಲ್ಲಿ ಕೊಪ್ಪಳದ ನ್ಯಾಯಾಲಯವು 101 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಮಾನಿಸಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಬಳಿಕ ವಿಷಯ ಉಚ್ಚ ನ್ಯಾಯಾಲಯದ ಮುಂದೆ ಹೋಯಿತು. ಶೀಘ್ರ ತೀರ್ಪಿನ ಭರವಸೆಯನ್ನು ವೇದಿಕೆಯಿಂದ ನೀಡತಕ್ಕದ್ದಲ್ಲ.

2016ರಲ್ಲಿ ಪರಿಷ್ಕರಿಸಿದ ಅನುಸೂಚಿಯಲ್ಲಿ ಅಪರಾಧದ ಸ್ವರೂಪಕ್ಕೆ ಅನುಗುಣವಾಗಿ ರೂ. 85,000ದಿಂದ ರೂ. 8,25,000ದವರೆಗೆ ಪರಿಹಾರ ನಿಗದಿಯಾಗಿದೆ. ಮೊತ್ತವನ್ನು ಹಂತ ಹಂತವಾಗಿ ನೀಡಲಾಗುತ್ತದೆ. ಉದಾಹರಣೆಗೆ, ಸಾರ್ವಜನಿಕ ಸ್ಥಳದಲ್ಲಿ ಜಾತಿ ನಿಂದನೆಯ ಪ್ರಕರಣದಲ್ಲಿ ರೂ. 1,00,000 ಪರಿಹಾರದ ಶೇ. 25ನ್ನು ಪ್ರಥಮ ವರ್ತಮಾನ ವರದಿಯ ಹಂತದಲ್ಲಿ, ಶೇ. 50ನ್ನು ದೋಷಾರೋಪಣ ಪಟ್ಟಿ ಸಲ್ಲಿಕೆಯಾದಾಗ, ಉಳಿದ ಶೇ. 25ನ್ನು ಶಿಕ್ಷೆಯಾದಾಗ ನೀಡಲಾಗುತ್ತದೆ. ಜಾತಿ ಪ್ರಮಾಣ ಪತ್ರವನ್ನು ನಾಡಕಚೇರಿಯಿಂದ ಪಡೆಯಬಹುದು; ಅದು ಕೈಯಲ್ಲಿಲ್ಲವೆಂದು ದೂರು ನೀಡುವುದನ್ನು ಮುಂದೂಡಬೇಕಾಗಿಲ್ಲ.

ವಿಚಾರಣೆಗೆ ಹಾಜರಾಗುವ ಸಂತ್ರಸ್ತರು ಮತ್ತು ಸಾಕ್ಷಿಗಳಿಗೆ ಪ್ರಯಾಣ ಭತ್ಯೆ ಮತ್ತು ದಿನಭತ್ಯೆ ದೊರೆಯುತ್ತದೆ. 15ಎ ಪ್ರಕರಣದಂತೆ ಬೆದರಿಕೆಯಿಂದ ರಕ್ಷಣೆ, ಜಾಮೀನು ಅರ್ಜಿಯೂ ಸೇರಿದಂತೆ ನ್ಯಾಯಾಲಯದ ಕಲಾಪಗಳ ಮುಂಚಿತ ಸೂಚನೆ ಮತ್ತು ತಮ್ಮ ಮಾತು ಹೇಳುವ ಅವಕಾಶ ಸಂತ್ರಸ್ತರ ಹಕ್ಕುಗಳಾಗಿವೆ.

7. ಕಾರ್ಯಕ್ರಮ ನಡೆಸುವ ಕ್ರಮ

ಅ) ಸ್ಥಳ: ಗ್ರಾಮದ ಎಲ್ಲರೂ ಮುಕ್ತವಾಗಿ ಪ್ರವೇಶಿಸಬಹುದಾದ ಸ್ಥಳವನ್ನೇ ಆಯ್ಕೆ ಮಾಡಬೇಕು. ಪರಿಶಿಷ್ಟರಿಗೆ ಪ್ರವೇಶವಿಲ್ಲದ ದೇವಾಲಯದ ಆವರಣದಲ್ಲಿ ಸಭೆ ನಡೆಸಬಾರದು. ಕೇರಿಯಲ್ಲಿ ಪ್ರತ್ಯೇಕವಾಗಿ ಒಂದು ಸಣ್ಣ ಸಭೆ ನಡೆಸುವುದು ಉಪಯುಕ್ತ.
ಆ) ಸಮಯ: ಕೂಲಿ ಕೆಲಸ ಮುಗಿಸಿ ಬಂದ ನಂತರದ ಸಂಜೆಯ ವೇಳೆ ಸೂಕ್ತ. ಸುಗ್ಗಿ ಮತ್ತು ಬಿತ್ತನೆಯ ದಿನಗಳನ್ನು ತಪ್ಪಿಸಬೇಕು.
ಇ) ಪ್ರಚಾರ: ಡಂಗುರ ಸಾರುವ ಕೆಲಸವನ್ನು ಜಾತಿಯ ಆಧಾರದಲ್ಲಿ ಯಾರಿಗೂ ವಹಿಸತಕ್ಕದ್ದಲ್ಲ. ಇದಕ್ಕೆ ಆಟೋರಿಕ್ಷಾದಲ್ಲಿ ಧ್ವನಿವರ್ಧಕ ಬಳಸುವುದು ಸೂಕ್ತ.
ಈ) ಮಾಧ್ಯಮ: ಬೀದಿ ನಾಟಕ, ಗೋಡೆ ಬರಹ ಮತ್ತು ಆಡುಮಾತಿನ ಕರಪತ್ರ. ನಾಟಕದಲ್ಲಿ ದೌರ್ಜನ್ಯದ ದೃಶ್ಯಕ್ಕಿಂತ ಠಾಣೆಯಲ್ಲಿ ದೂರು ನೀಡುವ ದೃಶ್ಯಕ್ಕೆ ಹೆಚ್ಚು ಸಮಯ ಕೊಡಬೇಕು.
ಉ) ಗೌಪ್ಯತೆ: ನೊಂದವರನ್ನು ವೇದಿಕೆಗೆ ಕರೆದು ಅನುಭವ ಹೇಳಿಸಬಾರದು, ಭಾವಚಿತ್ರ ಪ್ರಕಟಿಸಬಾರದು. ಪ್ರತ್ಯೇಕವಾಗಿ ಮಾತನಾಡಲು ಸ್ಥಳವಿರಬೇಕು.
ಊ) ಇತರರ ಭಾಗವಹಿಸುವಿಕೆ: ಹೋಟೆಲ್ ಮತ್ತು ಕ್ಷೌರದ ಅಂಗಡಿಗಳ ಮಾಲೀಕರು, ದೇವಾಲಯ ಸಮಿತಿಯವರು, ಶಾಲಾಭಿವೃದ್ಧಿ ಸಮಿತಿಯ ಸದಸ್ಯರನ್ನು ಆಹ್ವಾನಿಸಬೇಕು. ಕಾಯ್ದೆಯನ್ನು ಪಾಲಿಸಬೇಕಾದವರೂ ಸಭೆಯಲ್ಲಿ ಇದ್ದಾಗ ಮಾತ್ರ ಕಾರ್ಯಕ್ರಮ ಪೂರ್ಣವಾಗುತ್ತದೆ.

8. ಅನುಸರಣೆ ಮತ್ತು ಮೌಲ್ಯಮಾಪನ

ದೂರು ದಾಖಲಾದ ನಂತರದ ದಿನಗಳಲ್ಲಿಯೇ ಬಹಿಷ್ಕಾರ ಮತ್ತು ಬೆದರಿಕೆಯ ಸಂಭವ ಹೆಚ್ಚು. ಆದ್ದರಿಂದ ಕಾರ್ಯಕ್ರಮದ ಆಯೋಜಕರು ದೂರುದಾರರ ಮನೆಗೆ ನಿಯಮಿತವಾಗಿ ಭೇಟಿ ನೀಡಿ, ಅಂಗಡಿ, ನೀರು, ಕೂಲಿ ಇವುಗಳಲ್ಲಿ ಅಡ್ಡಿಯಾಗಿದೆಯೇ ಎಂದು ವಿಚಾರಿಸಿ, ಅಡ್ಡಿಯಿದ್ದಲ್ಲಿ ಕೂಡಲೇ ತಹಶೀಲ್ದಾರರಿಗೂ ಪೊಲೀಸರಿಗೂ ಲಿಖಿತವಾಗಿ ತಿಳಿಸಬೇಕು.

ಕಾರ್ಯಕ್ರಮದ ಬಳಿಕ ದೂರುಗಳ ಸಂಖ್ಯೆ ಹೆಚ್ಚಿದರೆ ಅದನ್ನು ಗ್ರಾಮಕ್ಕೆ ಕಳಂಕವೆಂದಾಗಲಿ, ಆಡಳಿತದ ವೈಫಲ್ಯವೆಂದಾಗಲಿ ತಿಳಿಯಬಾರದು. ಮೊದಲು ಮುಚ್ಚಿಹೋಗುತ್ತಿದ್ದವು ಈಗ ದಾಖಲಾಗುತ್ತಿವೆ ಎಂಬುದೂ ಅದರ ಅರ್ಥವಾಗಿರಬಹುದು. ಕಾರ್ಯಕ್ರಮದ ಫಲವನ್ನು ಈ ಮೂರು ಪ್ರಶ್ನೆಗಳಿಂದ ಅಳೆಯುವುದು ಸೂಕ್ತ: ಎಷ್ಟು ದೂರುದಾರರಿಗೆ ಅದೇ ದಿನ ವರದಿಯ ಪ್ರತಿ ದೊರೆಯಿತು? ಎಷ್ಟು ಮಂದಿಗೆ ಮೊದಲ ಹಂತದ ಪರಿಹಾರ ಸಕಾಲದಲ್ಲಿ ಸಂದಾಯವಾಯಿತು? ಎಷ್ಟು ಮಂದಿ ದೂರು ನೀಡಿದ ನಂತರವೂ ಅದೇ ಊರಿನಲ್ಲಿ ನೆಮ್ಮದಿಯಿಂದ ಇದ್ದಾರೆ?

ಈ ವಿವರಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿಯ ಗಮನಕ್ಕೆ ತರಬಹುದು. ಸದರಿ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕು. ಉಪವಿಭಾಗ ಮಟ್ಟದಲ್ಲಿಯೂ ಇಂತಹ ಸಮಿತಿಯಿರುತ್ತದೆ. ಮುಖ್ಯಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ಸಮಿತಿಯು ವರ್ಷಕ್ಕೆ ಕನಿಷ್ಠ ಎರಡು ಬಾರಿ ಸಭೆ ಸೇರಬೇಕು.

9. ಸಂಪರ್ಕ

ತುರ್ತು ಪೊಲೀಸ್ ನೆರವು: 112
ದೌರ್ಜನ್ಯ ತಡೆ ರಾಷ್ಟ್ರೀಯ ಸಹಾಯವಾಣಿ (ಉಚಿತ, ದಿನದ 24 ಗಂಟೆ, 2021ರಿಂದ): 14566
ಉಚಿತ ಕಾನೂನು ನೆರವು: 15100

ಇವುಗಳಲ್ಲದೆ ಸಮೀಪದ ಪೊಲೀಸ್ ಠಾಣೆ, ತಾಲ್ಲೂಕು ಸಮಾಜ ಕಲ್ಯಾಣ ಕಚೇರಿ ಹಾಗೂ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯದ ಜಿಲ್ಲಾ ಘಟಕವನ್ನು ಸಂಪರ್ಕಿಸಬಹುದು. ಯಾವುದೇ ಕಚೇರಿಗೆ ಅರ್ಜಿ ಸಲ್ಲಿಸಿದಾಗ ದಿನಾಂಕ ಸಹಿತ ಸ್ವೀಕೃತಿಯನ್ನು ತಪ್ಪದೇ ಪಡೆಯತಕ್ಕದ್ದು.