ಹಜಾರದ ಸಂಗೀತಕ್ಕೆ ಎಷ್ಟು ವಾಟ್ ಬೇಕು?

ಜಯನಗರದ ಮನೆಯೊಂದರಲ್ಲಿ ಹಳೆಯ ಸ್ಟೀರಿಯೊ ಆಂಪ್ಲಿಫೈಯರ್ ಬದಲಿಸುವ ಮಾತು ಬಂದರೆ ಮೊದಲು ಏಳುವ ಪ್ರಶ್ನೆ ಒಂದೇ: ಎಷ್ಟು ವಾಟಿನದು ತರೋಣ? ಅಂಗಡಿಯವರು ಕೇಳುವುದೂ ಅದನ್ನೇ, ಜಾಹೀರಾತುಗಳು ದಪ್ಪ ಅಕ್ಷರದಲ್ಲಿ ಸಾರುವುದೂ ಅದನ್ನೇ. ನಲವತ್ತಕ್ಕಿಂತ ಅರವತ್ತು ಮೇಲು, ಅರವತ್ತಕ್ಕಿಂತ ನೂರು ಮೇಲು ಎಂಬ ನಂಬಿಕೆ ಬಹಳ ಗಟ್ಟಿ. ಈ ನಂಬಿಕೆ ಎಲ್ಲಿಂದ ಬಂತು? ಅದರಲ್ಲಿ ಹುರುಳೆಷ್ಟು? ಸಾವಿರಾರು ರೂಪಾಯಿ ಕೈಬಿಡುವ ಮುನ್ನ ಈ ಊರು ಸಂಗೀತ ಕೇಳುತ್ತ ಬಂದ ಬಗೆಯನ್ನು ಸ್ವಲ್ಪ ಹಿಂದಿನಿಂದ ನೋಡುವುದು ಒಳ್ಳೆಯದು.

ಮಹಾರಾಜರ ಧ್ವನಿಪೆಟ್ಟಿಗೆಗಳು

1948ರಲ್ಲಿ ಅಸ್ತಿಭಾರ ಕಂಡ ಜಯನಗರಕ್ಕೂ, ಇಂದಿಗೂ ಆಡಿಯೊ ಅಂಗಡಿಗಳಿರುವ ಜೆ.ಸಿ. ರಸ್ತೆಗೂ ಹೆಸರು ಬಂದದ್ದು ಒಬ್ಬರಿಂದಲೇ. ಅವರು ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರು. ತೊಂಬತ್ತನಾಲ್ಕು ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಅವರನ್ನು ಕರ್ನಾಟಕ ಬಲ್ಲದು. ಆದರೆ ಅವರು ತಮ್ಮ ಕಾಲದ ಬಹು ದೊಡ್ಡ ಗ್ರಾಮಫೋನ್ ಶ್ರೋತೃಗಳಲ್ಲಿ ಒಬ್ಬರೂ ಆಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಲಂಡನ್ನಿನ ಧ್ವನಿಮುದ್ರಣ ನಿರ್ಮಾಪಕ ವಾಲ್ಟರ್ ಲೆಗ್ 1949ರಲ್ಲಿ ಮೈಸೂರಿಗೆ ಬಂದಾಗ ಅರಮನೆಯ ತಟ್ಟೆಗಳ ಭಂಡಾರವನ್ನೂ, ಪಿಯಾನೊಗಳನ್ನೂ, ಬಗೆಬಗೆಯ ಧ್ವನಿಪೆಟ್ಟಿಗೆಗಳನ್ನೂ ಕಂಡು ಬೆರಗಾದರು. ಲೆಗ್ ಸ್ಥಾಪಿಸಿದ್ದ ಫಿಲ್‌ಹಾರ್ಮೋನಿಯಾ ವಾದ್ಯವೃಂದಕ್ಕೆ ಮಹಾರಾಜರು ಧಾರಾಳವಾಗಿ ನೆರವಾದರು. ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು ತಟ್ಟೆಗಳಾಗಿ ಹೊರಬಂದದ್ದೂ ಮೈಸೂರಿನ ಹಣದಿಂದಲೇ.

1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರೌಸರ ಕೊನೆಯ ನಾಲ್ಕು ಗೀತೆಗಳ ಪ್ರಥಮ ಪ್ರಯೋಗ ನಡೆಯಿತು. ಅದರ ಖರ್ಚಿಗೆ ಮಹಾರಾಜರು 4,800 ಡಾಲರುಗಳ ಭರವಸೆ ಕೊಟ್ಟಿದ್ದರು. ತಾವು ಅಲ್ಲಿಗೆ ಹೋಗಲಾಗದ ಕಾರಣ ಕಚೇರಿಯನ್ನು ತಟ್ಟೆಗಳ ಮೇಲೆ ಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡಾಯಿತು. ಅಂದರೆ ದೂರದೇಶದ ಸಂಗೀತವನ್ನು ಮನೆಯಲ್ಲಿ ಕುಳಿತು ಕೇಳುವ ಹಂಬಲಕ್ಕೆ ಈ ನಾಡಿನಲ್ಲಿ ಇಷ್ಟು ಹಳೆಯ ಹಿನ್ನೆಲೆಯಿದೆ. ಇಲ್ಲೊಂದು ಪಾಠವೂ ಇದೆ. ಅರಮನೆಯಲ್ಲಿ ಎಂಥ ಉಪಕರಣವಿದ್ದರೂ ತಟ್ಟೆಯಲ್ಲಿ ಅಚ್ಚಾಗಿ ಬಂದಷ್ಟೇ ಕೇಳಿಸುತ್ತಿತ್ತು. ಮುದ್ರಣದಲ್ಲಿ ಇಲ್ಲದ ನಾದವನ್ನು ಯಾವ ಆಂಪ್ಲಿಫೈಯರೂ ಹುಟ್ಟಿಸಲಾರದು.

ಆ ಕಾಲದ ಉಪಕರಣಗಳ ಶಕ್ತಿ ಎಷ್ಟಿತ್ತು? 1947ರಲ್ಲಿ ಡಿ.ಟಿ.ಎನ್. ವಿಲಿಯಮ್ಸನ್ ಎಂಬ ಎಂಜಿನಿಯರು ಇಂಗ್ಲೆಂಡಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಾಲ್ವ್ ಆಂಪ್ಲಿಫೈಯರಿನ ವಿನ್ಯಾಸವೊಂದನ್ನು ಪ್ರಕಟಿಸಿದರು. ಮನೆಯ ಸಂಗೀತಕ್ಕೆ ಇದಕ್ಕಿಂತ ಶುದ್ಧವಾದುದು ಬೇಕಿಲ್ಲ ಎನ್ನುವಂತಿದ್ದ ಅದರ ಶಕ್ತಿ 15 ವಾಟ್ ಮಾತ್ರ. ನಾದಕ್ಕೆ ಅದು ಸೇರಿಸುತ್ತಿದ್ದ ಕಲಬೆರಕೆ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ. ಇಪ್ಪತ್ತೆರಡು ವರ್ಷಗಳ ನಂತರ, 1969ರಲ್ಲಿ, ಅದೇ ಪತ್ರಿಕೆಯಲ್ಲಿ ಜಾನ್ ಲಿನ್ಸ್‌ಲಿ ಹುಡ್ ಟ್ರಾನ್ಸಿಸ್ಟರಿನಲ್ಲಿ ಅಂಥದೇ ಗುಣವನ್ನು ಸಾಧಿಸಿ ತೋರಿಸಿದರು. ಅದರ ಶಕ್ತಿ 10 ವಾಟ್. ಈ ಎರಡನ್ನೂ ಜಗತ್ತಿನ ಹವ್ಯಾಸಿಗಳು ಈಗಲೂ ಕಟ್ಟುತ್ತಾರೆ.

ರೇಡಿಯೊದಿಂದ ಕ್ಯಾಸೆಟ್ಟಿಗೆ

ಸಾಮಾನ್ಯರ ಮನೆಗೆ ಬಂದ ಮೊದಲ ಆಂಪ್ಲಿಫೈಯರ್ ಎಂದರೆ ರೇಡಿಯೊ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ಯನ್ನು ಆರಂಭಿಸಿದರು. ಬೆಂಗಳೂರಿನ ನಿಲಯ 1955ರ ನವೆಂಬರಿನಲ್ಲಿ ಶುರುವಾಯಿತು. ಗೂಡಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂರುತ್ತಿದ್ದ ವಾಲ್ವ್ ರೇಡಿಯೊದ ಶಕ್ತಿ ಮೂರು ನಾಲ್ಕು ವಾಟ್ ಇದ್ದರೆ ಹೆಚ್ಚು. ಆದರೂ ವಾರ್ತೆ ಅಡುಗೆಮನೆಯವರೆಗೆ ಕೇಳುತ್ತಿತ್ತು. ಹಾಡು ಪಕ್ಕದ ಮನೆಯ ಜಗಲಿಗೂ ಮುಟ್ಟುತ್ತಿತ್ತು.

ಹಾಗಿದ್ದರೆ ನೂರು ವಾಟಿನ ಮೋಹ ಹತ್ತಿದ್ದು ಹೇಗೆ? ಅದರ ಒಂದು ಬೇರು ಚಪ್ಪರದಲ್ಲಿದೆ ಎನ್ನಬಹುದು. ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ನಡೆಸುತ್ತ ಬಂದ ರಾಮನವಮಿ ಸಂಗೀತೋತ್ಸವ, ಬೀದಿಬೀದಿಯ ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ಆಂಪ್ಲಿಫೈಯರ್ ಎಂದರೆ ಸಾವಿರಾರು ಜನರಿಗೆ ಕೇಳಿಸಬೇಕಾದ ಯಂತ್ರ. ಬಯಲಿಗೆ ಆ ಶಕ್ತಿ ಬೇಕೇ ಬೇಕು. ಆದರೆ ಚಪ್ಪರದ ಅಳತೆಗೋಲನ್ನು ಹಜಾರಕ್ಕೂ ಹಿಡಿದಾಗ ಲೆಕ್ಕ ತಪ್ಪುತ್ತದೆ.

ಇನ್ನೊಂದು ಬೇರು ನಮ್ಮ ಆರ್ಥಿಕ ಚರಿತ್ರೆಯಲ್ಲಿದೆ. 1991ರ ಉದಾರೀಕರಣಕ್ಕೆ ಮುಂಚೆ ವಿದೇಶಿ ಆಂಪ್ಲಿಫೈಯರ್ ತರಿಸುವುದು ಮಧ್ಯಮವರ್ಗದವರಿಗೆ ಎಟುಕದ ಮಾತು. ಗಲ್ಫಿನಿಂದಲೋ ಅಮೆರಿಕದಿಂದಲೋ ಬರುವ ನೆಂಟರ ಪೆಟ್ಟಿಗೆಯೇ ಗತಿ. ಆದರೆ ಬೆಂಗಳೂರಿಗೆ ಬೇರೊಂದು ಅನುಕೂಲವಿತ್ತು. 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೊ ವಾಲ್ವುಗಳನ್ನೂ, 1962ರಲ್ಲಿ ಜರ್ಮೇನಿಯಂ ಅರೆವಾಹಕಗಳನ್ನೂ ತಯಾರಿಸತೊಡಗಿತು. ಜೆ.ಸಿ. ರಸ್ತೆಯ ಮಗ್ಗುಲಿನ ಎಸ್.ಪಿ. ರಸ್ತೆಯಲ್ಲಿ ಟ್ರಾನ್ಸಿಸ್ಟರ್, ಕೆಪಾಸಿಟರ್, ಟ್ರಾನ್ಸ್‌ಫಾರ್ಮರುಗಳು ಬಿಡಿಬಿಡಿಯಾಗಿ ಸಿಗುತ್ತಿದ್ದವು. ಬೆಸುಗೆ ಕಡ್ಡಿ ಹಿಡಿಯಬಲ್ಲವರು 2ಎನ್3055 ಎಂಬ ದಪ್ಪ ಲೋಹದ ಟ್ರಾನ್ಸಿಸ್ಟರನ್ನೋ, ಮುಂದೆ 4440 ಎಂಬ ಐಸಿಯನ್ನೋ ತಂದು ಆಂಪ್ಲಿಫೈಯರ್ ಕಟ್ಟಿಕೊಂಡರು. ‘ಅಸೆಂಬಲ್’ ಮಾಡಿಸಿದ್ದು ಎಂದರೆ ಅಂದು ಕೀಳಲ್ಲ, ಹೆಮ್ಮೆಯ ಮಾತು.

ಕೇಳಲು ಸರಕೂ ಬಂತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂದು ಸುಗಮ ಸಂಗೀತ ಮನೆಮನೆಯ ವಸ್ತುವಾಯಿತು. ಕ್ಯಾಸೆಟ್ಟುಗಳೊಡನೆ ಟೂ-ಇನ್-ಒನ್ ಬಂತು, ಡೆಕ್ ಬಂತು, ಎರಡು ಪೆಟ್ಟಿಗೆಗಳ ಸ್ಟೀರಿಯೊ ಬಂತು. ಸ್ಪರ್ಧೆ ಹೆಚ್ಚಿದಂತೆ ಪೆಟ್ಟಿಗೆಯ ಮೇಲೆ ಅಚ್ಚು ಹಾಕುವ ವಾಟಿನ ಸಂಖ್ಯೆಯೂ ಏರಿತು. ‘ಪಿಎಂಪಿಒ’ ಎಂಬ ನಾಲ್ಕಕ್ಷರದ ಮಾಯೆ ಹುಟ್ಟಿದ್ದು ಹೀಗೆ. ಕ್ಷಣಾರ್ಧದಲ್ಲಿ ಹೊಮ್ಮಬಹುದಾದ ಶಕ್ತಿ ಎಂದು ಅದರ ಅರ್ಥ. ಆದರೆ ಎಲ್ಲರೂ ಒಪ್ಪಿದ ಅಳತೆ ಅದಕ್ಕಿಲ್ಲ. ಸಾವಿರ ವಾಟ್ ಪಿಎಂಪಿಒ ಎಂದು ಬರೆದ ಪೆಟ್ಟಿಗೆಯ ಬೆನ್ನು ತಿರುಗಿಸಿದರೆ, ಗೋಡೆಯ ಪ್ಲಗ್ಗಿನಿಂದ ಅದು ಎಳೆಯುವುದು 50 ವಾಟ್ ಎಂದು ಸಣ್ಣ ಅಕ್ಷರದಲ್ಲಿ ಇರುವುದುಂಟು. ಐವತ್ತು ಉಂಡವನು ಸಾವಿರ ದುಡಿಯಲು ಹೇಗೆ ಸಾಧ್ಯ?

ಕಿವಿಯ ಲೆಕ್ಕ

ವಾಟನ್ನು ಅಳೆಯುವುದು ಮೀಟರು, ಕೇಳುವುದು ಕಿವಿ. ಇವೆರಡರ ಲೆಕ್ಕ ಒಂದೇ ಅಲ್ಲ. ಶಕ್ತಿ ಎರಡು ಪಟ್ಟಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಅದು ಕಿವಿಗೆ ಸಣ್ಣ ಏರಿಕೆಯಷ್ಟೆ. ಧ್ವನಿ ಎರಡು ಪಟ್ಟು ಜೋರಾದಂತೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಹೀಗಾಗಿ 40 ವಾಟಿನ ಆಂಪ್ಲಿಫೈಯರ್ ಮಾರಿ 60 ವಾಟಿನದನ್ನು ತಂದವರಿಗೆ ದಕ್ಕುವುದು 2 ಡೆಸಿಬೆಲ್‌ಗಿಂತ ಕಡಿಮೆ.

ದಕ್ಷಿಣ ಬೆಂಗಳೂರಿನ ಮನೆಗೆ ಇದನ್ನು ಅನ್ವಯಿಸೋಣ. ಬನಶಂಕರಿಯಲ್ಲೋ ಜೆ.ಪಿ. ನಗರದಲ್ಲೋ ಮೂವತ್ತು-ನಲವತ್ತರ ಸೈಟಿನ ಮನೆ. ಹಜಾರ 12 ಅಡಿ ಅಗಲ, 15 ಅಡಿ ಉದ್ದ ಎಂದಿಟ್ಟುಕೊಳ್ಳಿ. ಸ್ಪೀಕರುಗಳಿಂದ ಹತ್ತಡಿ ದೂರದಲ್ಲಿ ಕುರ್ಚಿ. ಸ್ಪೀಕರಿನ ಸಂವೇದನೆ 87 ಡೆಸಿಬೆಲ್, ಅಂದರೆ ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಧ್ವನಿ. ಇಂಥ ಕಡೆ 75 ಡೆಸಿಬೆಲ್ ಸರಾಸರಿಯಲ್ಲಿ ಕಚೇರಿ ಕೇಳಲು ಕಾಲು ವಾಟೂ ಬೇಕಾಗದು. ಹಾಗೆಂದು ಕಾಲು ವಾಟಿನ ಯಂತ್ರ ಸಾಲದು. ತನಿ ಆವರ್ತನದಲ್ಲಿ ಮೃದಂಗದ ಪೆಟ್ಟು ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಚಿಮ್ಮಬಹುದು. 20 ಡೆಸಿಬೆಲ್ ಎಂದರೆ ನೂರು ಪಟ್ಟು. ಆಗ ಕ್ಷಣಕಾಲ 20 ವಾಟಿನ ಆಸುಪಾಸು ಬೇಕು. ಅಷ್ಟು ಇಲ್ಲದಿದ್ದರೆ ಅಲೆಯ ತಲೆ ಕತ್ತರಿಸಿ ಹೋಗಿ ಪೆಟ್ಟು ಒಡೆದಂತೆ ಕೇಳುತ್ತದೆ. ಸ್ಪೀಕರಿನ ಸಂವೇದನೆ 84 ಇದ್ದರೆ 40 ವಾಟ್ ಬೇಕು, 90 ಇದ್ದರೆ 10 ವಾಟ್ ಸಾಕು. ವಿಲಿಯಮ್ಸನ್ ಮತ್ತು ಲಿನ್ಸ್‌ಲಿ ಹುಡ್ ಅವರ ಸಂಖ್ಯೆಗಳು ಸಣ್ಣವಾಗಿದ್ದುದು ಜಿಪುಣತನದಿಂದಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಮೊದಲ ವಾಟ್

ಸಂಗೀತದ ಬಹುಪಾಲು ಹಾದುಹೋಗುವುದು ಮೊದಲ ಒಂದು ವಾಟಿನೊಳಗೆ. ಆದ್ದರಿಂದ ನೂರನೆಯ ವಾಟಿಗಿಂತ ಮೊದಲ ವಾಟ್ ಹೇಗಿದೆ ಎಂಬುದೇ ಮುಖ್ಯ. ಬಹುತೇಕ ಟ್ರಾನ್ಸಿಸ್ಟರ್ ಆಂಪ್ಲಿಫೈಯರುಗಳಲ್ಲಿ ಅಲೆಯ ಮೇಲರ್ಧವನ್ನು ಒಂದು ಟ್ರಾನ್ಸಿಸ್ಟರ್, ಕೆಳಗಿನರ್ಧವನ್ನು ಇನ್ನೊಂದು ಹೊರುತ್ತವೆ. ಒಂದು ಕೈಬಿಟ್ಟು ಇನ್ನೊಂದು ಕೈಹಿಡಿಯುವ ಎಡೆಯಲ್ಲಿ ಹೊಂದಾಣಿಕೆ ತಪ್ಪಿದರೆ ನಾದ ಗೊರಗೊರ ಎನ್ನುತ್ತದೆ. ಜೋರು ಧ್ವನಿಯಲ್ಲಿ ಅದು ಮುಚ್ಚಿಹೋದೀತು, ಮೆಲುದನಿಯಲ್ಲಿ ಎದ್ದು ಕಾಣುತ್ತದೆ.

ನಮ್ಮ ಸಂಗೀತಕ್ಕೆ ಇದು ಸಣ್ಣ ವಿಷಯವಲ್ಲ. ಸಿ.ವಿ. ರಾಮನ್ 1933ರಲ್ಲಿ ಬೆಂಗಳೂರಿಗೆ ಬರುವ ಮುಂಚೆಯೇ, ಕಲ್ಕತ್ತೆಯಲ್ಲಿದ್ದಾಗ, ಮೃದಂಗದ ಕರಣೆಯನ್ನೂ ತಂಬೂರಿಯ ಕುದುರೆಯನ್ನೂ ಪರೀಕ್ಷಿಸಿದ್ದರು. ಕರಣೆಯ ಭಾರದಿಂದಾಗಿ ಮೃದಂಗದ ಚರ್ಮ ತಂತಿಯಂತೆ ಸುಸ್ವರದ ಉಪಸ್ವರಗಳನ್ನು ಹೊಮ್ಮಿಸುತ್ತದೆಂದು 1920ರಲ್ಲಿ ತೋರಿಸಿದರು. ಕುದುರೆಯ ಬಾಗು ಮತ್ತು ಅದರ ಮೇಲಿನ ಎಳೆದಾರದಿಂದ ತಂಬೂರಿಯ ತಂತಿಗೆ ಉಪಸ್ವರಗಳ ಸಿರಿ ಬರುವುದನ್ನೂ ವಿವರಿಸಿದರು. ತಂಬೂರಿಯ ಜೀವ ಈ ನವುರಾದ ಉಪಸ್ವರಗಳಲ್ಲಿದೆ. ಹಾಡುಗಾರರ ಹಿಂದೆ ತೆಳುವಾಗಿ ಹರಿಯುವ ಆ ಶ್ರುತಿಯನ್ನು ಮಸುಕಾಗಿಸುವ ಆಂಪ್ಲಿಫೈಯರ್ ನೂರಲ್ಲ, ಇನ್ನೂರು ವಾಟಿನದಾದರೂ ಪ್ರಯೋಜನವಿಲ್ಲ.

ಕೊಳ್ಳುವ ಮುನ್ನ

ಇಷ್ಟು ತಿಳಿದ ಮೇಲೆ ಆಯ್ಕೆಯ ಕ್ರಮ ತಾನಾಗಿ ಹೊಳೆಯುತ್ತದೆ. ಮೊದಲು ಕೋಣೆಯನ್ನು ನೋಡಬೇಕು. ರೆಡ್ ಆಕ್ಸೈಡ್ ಅಥವಾ ಮೊಸಾಯಿಕ್ ನೆಲ, ಬರಿಯ ಗೋಡೆ ಇರುವ ಹಜಾರ ಮೊಳಗುತ್ತದೆ. ಒಂದು ಜಮಖಾನ, ದಪ್ಪ ಪರದೆ, ಪುಸ್ತಕದ ಕಪಾಟು ಮಾಡುವ ಉಪಕಾರವನ್ನು ಎಷ್ಟೋ ಸಲ ಹೊಸ ಯಂತ್ರ ಮಾಡಲಾರದು. ಆಮೇಲೆ ಸ್ಪೀಕರು. ಅದರ ಸಂವೇದನೆ ಎಷ್ಟು, ಓಮ್ ಎಷ್ಟು ಎಂದು ಹಿಂಬದಿಯಲ್ಲೋ ಕೈಪಿಡಿಯಲ್ಲೋ ಓದಬೇಕು. 8 ಓಮಿಗೆ ಮಾತ್ರ ಹೇಳಿಸಿದ ಆಂಪ್ಲಿಫೈಯರಿಗೆ 4 ಓಮಿನ ಸ್ಪೀಕರ್ ಕಟ್ಟಿದರೆ ಅದು ಕಾದು ಕೆಡಬಹುದು. ಕೊನೆಗೆ ಆಂಪ್ಲಿಫೈಯರು. ಅದರಲ್ಲೂ ಪಿಎಂಪಿಒ ಬಿಟ್ಟು ‘ಆರ್‌ಎಂಎಸ್’ ಎಂದು ಬರೆದ ಸಂಖ್ಯೆಯನ್ನು ನಂಬಬೇಕು. ಎರಡೂ ಚಾನಲ್ ಒಟ್ಟಿಗೆ ನುಡಿಯುವಾಗ, ಎಷ್ಟು ಓಮಿಗೆ, ಎಷ್ಟು ಕಲಬೆರಕೆಯೊಡನೆ ಆ ಶಕ್ತಿ ಎಂದು ಕೇಳಬೇಕು.

ಮನೆಯ ಹಳೆಯ ಆಂಪ್ಲಿಫೈಯರ್ ನಿಜವಾಗಿ ಸೋತಿದೆಯೇ ಎಂದೂ ನೋಡಬೇಕು. ಮೂವತ್ತು ವರ್ಷದ ಯಂತ್ರದಲ್ಲಿ ಗುಂಯ್‌ಗುಡುವಿಕೆ ಬಂದರೆ ಹಲವು ವೇಳೆ ಕಾರಣ ಒಣಗಿದ ಕೆಪಾಸಿಟರ್. ತಿರುಗಿಸಿದಾಗ ಕರಕರ ಎಂದರೆ ಧೂಳು ಹಿಡಿದ ವಾಲ್ಯೂಮ್ ಕಂಟ್ರೋಲ್. ಎಸ್.ಪಿ. ರಸ್ತೆಯಲ್ಲಿ ಈ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಅಗ್ಗದ ಇನ್ವರ್ಟರಿನ ಚೌಕಾಕಾರದ ಅಲೆಯಿಂದಲೂ ಗುಂಯ್ ಸದ್ದು ಬರುವುದುಂಟು. ಕರೆಂಟು ಬಂದ ಮೇಲೆ ಸರಿಹೋದರೆ ತಪ್ಪು ಆಂಪ್ಲಿಫೈಯರಿನದಲ್ಲ. ಇತ್ತ ಹೊಸ ‘ಕ್ಲಾಸ್ ಡಿ’ ಯಂತ್ರಗಳು ಪಂಚಾಂಗದ ಗಾತ್ರದಲ್ಲಿ, ಹೆಚ್ಚು ಬಿಸಿಯಾಗದೆ, 30-40 ವಾಟನ್ನು ಅಗ್ಗವಾಗಿ ಕೊಡುತ್ತಿವೆ. ಹಾಗಾಗಿ ಇಂದು ವಾಟ್ ದುಬಾರಿಯ ವಸ್ತುವೇ ಅಲ್ಲ.

ಬಿ.ಟಿ.ಎಂ. ಬಡಾವಣೆಯ ಅಪಾರ್ಟ್‌ಮೆಂಟುಗಳಿಗೆ ಮತ್ತೊಂದು ಮಾತು. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಪಕ್ಕದ ಗೋಡೆಯಾಚೆ ಇನ್ನೊಂದು ಸಂಸಾರವಿರುವಾಗ ಮೆಲುದನಿಯಲ್ಲಿ ಚೆನ್ನಾಗಿ ನುಡಿಯುವುದೇ ಯಂತ್ರದ ದೊಡ್ಡ ಗುಣ. ಅಂಗಡಿಗಳಲ್ಲಿ ಮಾತ್ರ ಪರೀಕ್ಷೆ ನಡೆಯುವುದು ಅಬ್ಬರದಲ್ಲಿ. ಕೊಳ್ಳುವವರು ತಮಗೆ ಚಿರಪರಿಚಿತವಾದ ಒಂದು ಮುದ್ರಿಕೆಯನ್ನು ಜೊತೆಗೊಯ್ದು, ಎದುರಿಗಿದ್ದವರೊಡನೆ ಮಾತಾಡಬಹುದಾದಷ್ಟು ಮೆಲ್ಲಗೆ ಹಾಕಿಸಿ ಕೇಳಬೇಕು. ಆಲಾಪನೆಯ ಹಿಂದೆ ತಂಬೂರಿ ಬಿಡಿಸಿ ಕೇಳಿಸಿತೇ? ಪಿಟೀಲು ಗಾಯಕರ ದನಿಯಲ್ಲಿ ಕರಗದೆ ನಿಂತಿತೇ? ಹೌದಾದರೆ, ಹಿಂಬದಿಯ ಸಂಖ್ಯೆ ಇಪ್ಪತ್ತೇ ಇದ್ದರೂ ಅದು ಆ ಮನೆಗೆ ಸಾಕು. ಉಳಿದ ದುಡ್ಡು ಸ್ಪೀಕರಿಗೋ, ಜಮಖಾನಕ್ಕೋ, ಒಂದಿಷ್ಟು ಒಳ್ಳೆಯ ಮುದ್ರಿಕೆಗಳಿಗೋ ಒದಗುತ್ತದೆ.