ಕೊಲೆಸ್ಟ್ರಾಲ್ ಇಳಿಸಿದ ವಿಟಮಿನ್ನಿನ ಕಥೆ

ವಿಟಮಿನ್ ಅಂದ ಕೂಡಲೇ ನಮಗೆಲ್ಲ ಏನೋ ಒಂದು ನಂಬಿಕೆ. ಔಷಧಿ ಅಂದ್ರೆ ಸೈಡ್ ಎಫೆಕ್ಟು, ವಿಟಮಿನ್ ಅಂದ್ರೆ ಶಕ್ತಿ! ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ ಅನ್ನೋ ಸಮಾಧಾನ ಬೇರೆ. ಈ ನಂಬಿಕೆಯ ನೆರಳಲ್ಲೇ ಬೆಳೆದು, ಕೊನೆಗೆ ಅದನ್ನೇ ಅಲ್ಲಾಡಿಸಿದ ಒಂದು ಮಾತ್ರೆಯ ಇತಿಹಾಸ ಇವತ್ತು ಬರೀತಿದ್ದೀನಿ. ಅದರ ಹೆಸರು ನಯಾಸಿನ್, ಅಂದರೆ ವಿಟಮಿನ್ ಬಿ3.

ಇದರ ಮೂಲ ಹೆಸರು ನಿಕೋಟಿನಿಕ್ ಆಸಿಡ್. ಹತ್ತೊಂಬತ್ತನೇ ಶತಮಾನದ ರಸಾಯನಶಾಸ್ತ್ರಜ್ಞರು ತಂಬಾಕಿನ ನಿಕೋಟಿನ್‌ನಿಂದ ಇದನ್ನು ತಯಾರಿಸಿದ್ದರು. ಆಗ ಇದೊಂದು ವಿಟಮಿನ್ ಅಂತ ಯಾರಿಗೂ ಗೊತ್ತಿರಲಿಲ್ಲ. ಅತ್ತ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಮೆಕ್ಕೆಜೋಳವನ್ನೇ ನೆಚ್ಚಿ ಬದುಕುತ್ತಿದ್ದ ಬಡವರಿಗೆ ಪೆಲ್ಲಾಗ್ರಾ ಎಂಬ ರೋಗ ಬರುತ್ತಿತ್ತು. ಚರ್ಮ ಸುಲಿಯೋದು, ಭೇದಿ, ಕೊನೆಗೆ ಬುದ್ಧಿಭ್ರಮಣೆ. ಇದು ಅಂಟುರೋಗವಲ್ಲ, ಊಟದ ಕೊರತೆ ಅಂತ ತೋರಿಸಿದವರು ಡಾ. ಜೋಸೆಫ್ ಗೋಲ್ಡ್‌ಬರ್ಗರ್. ಆ ಕೊರತೆ ಯಾವುದರದ್ದು ಅಂತ 1937ರಲ್ಲಿ ವಿಸ್ಕಾನ್ಸಿನ್‌ನ ಕಾನ್ರಾಡ್ ಎಲ್ವೆಹೆಮ್ ಕಂಡುಹಿಡಿದರು: ಅದೇ ಹಳೆಯ ನಿಕೋಟಿನಿಕ್ ಆಸಿಡ್! ಬ್ರೆಡ್ಡಿಗೆ ಸೇರಿಸೋ ವಸ್ತುವಿಗೆ ನಿಕೋಟಿನ್ ಹೆಸರಿದ್ದರೆ ಜನ ಹೆದರುತ್ತಾರೆ ಅಂತ, 1940ರ ದಶಕದಲ್ಲಿ ಅದಕ್ಕೆ ನಯಾಸಿನ್ ಅಂತ ನಾಮಕರಣ ಆಯ್ತು.

ಅಂದ ಹಾಗೆ, ಈ ರೋಗ ನಮ್ಮ ಕಡೆಗೂ ಹೊಸದಲ್ಲ. ದಖ್ಖನ್ನಿನಲ್ಲಿ ಬರೀ ಜೋಳ ತಿಂದು ಬದುಕುತ್ತಿದ್ದ ಬಡವರಲ್ಲೂ ಪೆಲ್ಲಾಗ್ರಾ ಇತ್ತು. 1960ರಲ್ಲಿ ಹೈದರಾಬಾದಿನ ವಿಜ್ಞಾನಿಗಳಾದ ಗೋಪಾಲನ್ ಮತ್ತು ಶ್ರೀಕಂಠಯ್ಯ ಇದಕ್ಕೆ ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಕಾರಣ ಇರಬಹುದು ಅಂತ ವಾದ ಮಂಡಿಸಿದರು.

ಅಲ್ಲಿಯವರೆಗೆ ನಯಾಸಿನ್ ಅಂದರೆ ಕೊರತೆ ತುಂಬುವ ವಿಟಮಿನ್, ಅಷ್ಟೇ. ದೊಡ್ಡವರೊಬ್ಬರಿಗೆ ದಿನಕ್ಕೆ ಬೇಕಾಗೋದು ಸುಮಾರು 16 ಮಿಲಿಗ್ರಾಂ. ಕಥೆಗೆ ತಿರುವು ಸಿಕ್ಕಿದ್ದು 1955ರಲ್ಲಿ, ಕೆನಡಾದ ಸಸ್ಕ್ಯಾಚವನ್‌ನಲ್ಲಿ. ಅಲ್ಲಿನ ಮನೋವೈದ್ಯ ಏಬ್ರಮ್ ಹೋಫರ್ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಗ್ರಾಂಗಟ್ಟಲೆ ನಯಾಸಿನ್ ಕೊಟ್ಟು ನೋಡುತ್ತಿದ್ದರು. ರಕ್ತನಾಳಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅಂಗರಚನಾ ವಿಜ್ಞಾನಿ ರುಡಾಲ್ಫ್ ಆಲ್ಟ್‌ಶುಲ್ ಅವರ ಜೊತೆ ಸೇರಿ ಕೊಲೆಸ್ಟ್ರಾಲ್ ಅಳೆದಾಗ ಅದು ಇಳಿದಿತ್ತು. ವಿಚಿತ್ರ ಏನಪ್ಪಾ ಅಂದ್ರೆ, ಇದೇ ವಿಟಮಿನ್ನಿನ ಇನ್ನೊಂದು ರೂಪವಾದ ನಿಕೋಟಿನಮೈಡ್ ಪೆಲ್ಲಾಗ್ರಾ ವಾಸಿ ಮಾಡುತ್ತೆ, ಆದರೆ ಕೊಲೆಸ್ಟ್ರಾಲನ್ನು ಮುಟ್ಟೋದಿಲ್ಲ. ಅಂದರೆ ಇದು ವಿಟಮಿನ್ ಮಾಡಿದ ಕೆಲಸವೇ ಅಲ್ಲ, ಗ್ರಾಂ ಲೆಕ್ಕದಲ್ಲಿ ತಗೊಂಡಾಗ ನಯಾಸಿನ್ ಒಂದು ಔಷಧಿ. ಮುಖ ಕೆಂಪೇರಿ, ಮೈಯೆಲ್ಲ ಉರಿದು, ತುರಿಕೆ ಬರೋದೂ ಅದರ ಜೊತೆಗೇ ಬಂತು.

ಕೊಲೆಸ್ಟ್ರಾಲ್ ಇಳೀತು ಸರಿ, ಜೀವ ಉಳೀತಾ? ಅಮೆರಿಕದಲ್ಲಿ 1966ರಿಂದ 1975ರವರೆಗೆ ನಡೆದ ಕೊರೊನರಿ ಡ್ರಗ್ ಪ್ರಾಜೆಕ್ಟ್ ಇದನ್ನೇ ಕೇಳಿತು. ಒಮ್ಮೆ ಹೃದಯಾಘಾತ ಆಗಿದ್ದ 8341 ಗಂಡಸರು, ಹಲವು ಔಷಧಿಗಳು. ಈಸ್ಟ್ರೋಜನ್ ಮತ್ತು ಥೈರಾಯ್ಡ್ ಜಾತಿಯ ಇನ್ನೊಂದು ಔಷಧಿಯನ್ನು ಹಾನಿಯ ಭಯದಿಂದ ನಡುವೆಯೇ ನಿಲ್ಲಿಸಬೇಕಾಯ್ತು. ದಿನಕ್ಕೆ 3 ಗ್ರಾಂ ನಯಾಸಿನ್ ತಗೊಂಡವರಲ್ಲಿ ಮತ್ತೆ ಹೃದಯಾಘಾತ ಆಗೋದು ಕಡಿಮೆಯಾಯ್ತು, ಸಾವು ಮಾತ್ರ ಕಡಿಮೆಯಾಗಲಿಲ್ಲ. ಆದರೆ ಅದೇ ಜನರನ್ನು 15 ವರ್ಷ ಹಿಂಬಾಲಿಸಿ 1986ರಲ್ಲಿ ಪ್ರಕಟಿಸಿದ ವರದಿಯಲ್ಲಿ ನಯಾಸಿನ್ ಗುಂಪಿನ ಸಾವು ಶೇ. 11ರಷ್ಟು ಕಡಿಮೆ ಇತ್ತು. ನಯಾಸಿನ್ ಭಕ್ತರು ಇಂದಿಗೂ ತೋರಿಸೋದು ಇದೇ ಅಂಕಿಯನ್ನು.

ಅಷ್ಟರಲ್ಲಿ ಸ್ಟ್ಯಾಟಿನ್‌ಗಳು ಬಂದವು. 1987ರಲ್ಲಿ ಅಮೆರಿಕದಲ್ಲಿ ಮೊದಲನೆಯದಕ್ಕೆ ಒಪ್ಪಿಗೆ ಸಿಕ್ಕಿತು. 1994ರಲ್ಲಿ 4444 ಹೃದ್ರೋಗಿಗಳ ಸ್ಕ್ಯಾಂಡಿನೇವಿಯಾದ ಪ್ರಯೋಗವೊಂದು ಸ್ಟ್ಯಾಟಿನ್ ಸಾವನ್ನು ಶೇ. 30ರಷ್ಟು ತಗ್ಗಿಸುತ್ತೆ ಅಂತ ತೋರಿಸಿತು. ಹಾಗಾದರೆ ನಯಾಸಿನ್ ಯಾಕೆ ಬೇಕು? ಉತ್ತರ: ಎಚ್‌ಡಿಎಲ್, ಅಂದರೆ 'ಒಳ್ಳೆಯ' ಕೊಲೆಸ್ಟ್ರಾಲ್. ಅದನ್ನು ನಯಾಸಿನ್‌ನಷ್ಟು ಏರಿಸುವ ಔಷಧಿ ಆಗ ಪೇಟೆಯಲ್ಲಿ ಬೇರೆ ಇರಲಿಲ್ಲ. ಕೆಟ್ಟದ್ದನ್ನು ಸ್ಟ್ಯಾಟಿನ್ ಇಳಿಸಲಿ, ಒಳ್ಳೆಯದನ್ನು ನಯಾಸಿನ್ ಏರಿಸಲಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಈ ಲೆಕ್ಕ ತಪ್ಪಿದ್ದು ಎರಡು ದೊಡ್ಡ ಪ್ರಯೋಗಗಳಲ್ಲಿ. ಮೊದಲನೆಯದು ಏಮ್-ಹೈ, 3414 ರೋಗಿಗಳು. ನಿಜವಾದ ಮಾತ್ರೆ ಯಾರಿಗೆ ಸಿಕ್ಕಿದೆ ಅಂತ ಮೈಉರಿಯಿಂದ ಗೊತ್ತಾಗಬಾರದಲ್ಲ, ಅದಕ್ಕೆ ಹುಸಿ ಮಾತ್ರೆಯಲ್ಲೂ ಚೂರು ನಯಾಸಿನ್ ಬೆರೆಸಿದ್ದರು! ಎಚ್‌ಡಿಎಲ್ ಏರಿತು, ಉಪಯೋಗ ಕಾಣಲಿಲ್ಲ, 2011ರಲ್ಲಿ ಅವಧಿಗೆ ಮುಂಚೆಯೇ ನಿಲ್ಲಿಸಿದರು. ಎರಡನೆಯದು ಆಕ್ಸ್‌ಫರ್ಡ್‌ನವರು ನಡೆಸಿದ ಎಚ್‌ಪಿಎಸ್2-ಥ್ರೈವ್. ಬ್ರಿಟನ್, ಸ್ಕ್ಯಾಂಡಿನೇವಿಯಾ, ಚೀನಾ ಸೇರಿ 25,673 ಜನ, ಸರಾಸರಿ 3.9 ವರ್ಷ. ಹೃದಯಾಘಾತ, ಪಾರ್ಶ್ವವಾಯು ಮುಂತಾದ ದೊಡ್ಡ ಅನಾಹುತ ಆದವರು ನಯಾಸಿನ್ ಗುಂಪಿನಲ್ಲಿ ಶೇ. 13.2, ಇನ್ನೊಂದರಲ್ಲಿ ಶೇ. 13.7. ಇಷ್ಟು ಸಣ್ಣ ವ್ಯತ್ಯಾಸ ಆಕಸ್ಮಿಕವಾಗಿಯೂ ಬರಬಹುದು. ಆದರೆ ಮಧುಮೇಹ, ಸೋಂಕು, ರಕ್ತಸ್ರಾವ ಹೆಚ್ಚಾದದ್ದು ಮಾತ್ರ ಸ್ಪಷ್ಟ. ಮೈಉರಿ ತಡೆಯುವ ಇನ್ನೊಂದು ಔಷಧಿ ಬೆರೆಸಿದ್ದ ಆ ಮಾತ್ರೆಯನ್ನು ಮರ್ಕ್ ಕಂಪನಿ 2013ರಲ್ಲಿ ವಾಪಸ್ ತಗೊಂಡಿತು. 2016ರಲ್ಲಿ ಅಮೆರಿಕದ ಎಫ್‌ಡಿಎ, ಸ್ಟ್ಯಾಟಿನ್ ಜೊತೆ ನಯಾಸಿನ್ ಕೊಡಲು ಇದ್ದ ಒಪ್ಪಿಗೆಯನ್ನು ಹಿಂತೆಗೆದುಕೊಂಡಿತು. 2024ರಲ್ಲಿ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಸಂಶೋಧಕರು ಇನ್ನೊಂದು ಎಳೆ ಹಿಡಿದರು. ಹೆಚ್ಚಾದ ನಯಾಸಿನ್ ದೇಹದಲ್ಲಿ ಒಡೆದಾಗ ಹುಟ್ಟುವ 4ಪಿವೈ ಎಂಬ ವಸ್ತು ಯಾರ ರಕ್ತದಲ್ಲಿ ಜಾಸ್ತಿಯೋ ಅವರಿಗೆ ಹೃದಯದ ತೊಂದರೆಯೂ ಜಾಸ್ತಿ ಕಂಡಿತು. ಇದೇ ಕಾರಣ ಅಂತ ಇನ್ನೂ ಖಚಿತವಾಗಿಲ್ಲ. ಆದರೂ "ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ" ಅಂತ ಮೊದಲಿನಷ್ಟು ಧೈರ್ಯವಾಗಿ ಹೇಳೋ ಹಾಗಿಲ್ಲ.

ಸಾಫ್ಟ್‌ವೇರಿನವರಿಗೆ ಈ ಕಥೆ ತೀರಾ ಪರಿಚಿತ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರು, ಟೆಸ್ಟ್ ಎಲ್ಲ ಪಾಸು, ಕಸ್ಟಮರ್ ಮಾತ್ರ ಫೋನ್ ಮಾಡಿ ಬೈತಿರ್ತಾನೆ. ಎಚ್‌ಡಿಎಲ್ ಕೂಡ ಅಂಥದ್ದೇ ಒಂದು ಹಸಿರು ದೀಪ. ಆರೋಗ್ಯವಾಗಿರೋರಲ್ಲಿ ಅದು ಹೆಚ್ಚಿರುತ್ತೆ ನಿಜ. ಹಾಗಂತ ಮಾತ್ರೆ ಕೊಟ್ಟು ಅದನ್ನು ಏರಿಸಿದ ಮಾತ್ರಕ್ಕೆ ಆರೋಗ್ಯ ಬರೋದಿಲ್ಲ.

ನಾನು ಇದನ್ನೆಲ್ಲ ಕೂತು ಓದಿದ್ದಕ್ಕೆ ಕಾರಣ ನಮ್ಮ ಚಿಕ್ಕಪ್ಪ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಅಮೆರಿಕದಿಂದ ಬಂದಿದ್ದ ನೆಂಟರು 500 ಮಿಲಿಗ್ರಾಂ ನಯಾಸಿನ್‌ನ ದೊಡ್ಡ ಡಬ್ಬಿ ಕೊಟ್ಟು ಹೋದರು. "ಸ್ಟ್ಯಾಟಿನ್ ಬಿಟ್ಟು ಇದನ್ನೇ ತಗೋತೀನಿ ಕಣೋ, ವಿಟಮಿನ್ ತಾನೇ?" ಅಂದರು ಚಿಕ್ಕಪ್ಪ. ನಾನು ಡಾಕ್ಟರಲ್ಲ, ಈ ಕಥೆ ಹೇಳಿದೆ ಅಷ್ಟೇ. ಸದ್ಯಕ್ಕೆ ಸ್ಟ್ಯಾಟಿನ್ ಮುಂದುವರಿದಿದೆ, ಡಬ್ಬಿಯ ಸೀಲ್ ಒಡೆದಿಲ್ಲ, ಮುಂದಿನ ಚೆಕಪ್‌ಗೆ ಅದನ್ನೂ ತಗೊಂಡು ಹೋಗೋದು ಅಂತ ತೀರ್ಮಾನ ಆಗಿದೆ.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇರಬಹುದು, ನಯಾಸಿನ್ನೇ ಆಗಬೇಕಂತಿಲ್ಲ. ಬಾಯಿಗೆ ಹಾಕೋ ಮುಂಚೆ ಡಾಕ್ಟರನ್ನು ಒಂದು ಮಾತು ಕೇಳಿ: ಇದರಿಂದ ರಿಪೋರ್ಟು ಮಾತ್ರ ಚೆನ್ನಾಗುತ್ತಾ, ಇಲ್ಲಾ ನಾವೂ ಚೆನ್ನಾಗಿರ್ತೀವಾ?