ಘಟಪ್ರಭೆಯ ದಂಡೆಯ ಬದುಕು, ಪುಸ್ತಕಗಳಲ್ಲಿ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಚರಿತ್ರೆ ಮತ್ತು ಆತ್ಮಕಥೆಗಳು

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳು ಕನ್ನಡಕ್ಕೆ ಕಾದಂಬರಿಕಾರರನ್ನೂ ಕವಿಗಳನ್ನೂ ನಾಟಕಕಾರರನ್ನೂ ಕೊಟ್ಟ ಸೀಮೆಯೆಂದು ಪ್ರಸಿದ್ಧ. ಇದೇ ಸೀಮೆಯ ನಿಜ ಬದುಕನ್ನು ಹೇಳುವ ಚರಿತ್ರೆ, ಆತ್ಮಕಥೆ, ಜೀವನ ಚರಿತ್ರೆ, ಸಂಶೋಧನೆಗಳ ಸಾಲು ಅಷ್ಟಾಗಿ ಪರಿಚಿತವಲ್ಲ. ಆ ಸಾಲು ಒಂದೇ ಭಾಷೆಯಲ್ಲಿಯೂ ಇಲ್ಲ. 1956ರ ನವೆಂಬರ್ 1ರವರೆಗೆ ಈ ಭಾಗ ಮುಂಬಯಿ ಆಡಳಿತದಲ್ಲಿತ್ತು. ಸರ್ಕಾರದ ದಾಖಲೆ ಇಂಗ್ಲಿಷಿನಲ್ಲಿ, ರಾಜಕೀಯದ ಮಾತುಕತೆ ಬಹುಪಾಲು ಮರಾಠಿಯಲ್ಲಿ, ಮನೆಯ ಮತ್ತು ಜಾತ್ರೆಯ ಮಾತು ಕನ್ನಡದಲ್ಲಿ ನಡೆದ ಊರುಗಳಿವು. ಬರಹವೂ ಹಾಗೆಯೇ ಮೂರು ಭಾಷೆಗಳಲ್ಲಿ ಚದುರಿಕೊಂಡಿದೆ. ಇನ್ನೊಂದು ಸಂಗತಿ ಓದುಗರ ಗಮನದಲ್ಲಿರಬೇಕು. ಮೂಡಲಗಿ ಪ್ರತ್ಯೇಕ ತಾಲೂಕಾದದ್ದು ತೀರ ಈಚೆಗೆ. ಹಳೆಯ ಪುಸ್ತಕಗಳಲ್ಲಿ ಮೂಡಲಗಿ, ಅರಭಾವಿ, ಕುಲಗೋಡಗಳನ್ನು ಹುಡುಕುವವರು ಗೋಕಾಕ ತಾಲೂಕಿನ ಪುಟಗಳನ್ನೇ ತೆರೆಯಬೇಕು.

ಈ ಸೀಮೆಯನ್ನು ಮೊದಲು ವಿಸ್ತಾರವಾಗಿ ಬರೆದವರು ಆಳುವವರು. ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬಯಿ ಇಲಾಖೆಯ ಗ್ಯಾಸೆಟಿಯರ್ ಮಾಲೆಯ 21ನೆಯ ಸಂಪುಟ ಬೆಳಗಾವಿ ಜಿಲ್ಲೆಯದು. ಅದು ಅಚ್ಚಾದದ್ದು 1884ರಲ್ಲಿ. ನೆಲ, ಜನ, ಬೇಸಾಯ, ಬಂಡವಾಳ, ವ್ಯಾಪಾರ, ಇತಿಹಾಸ, ಕಂದಾಯ, ನ್ಯಾಯ, ಶಿಕ್ಷಣ, ಆರೋಗ್ಯ ಎಂದು ಅಧ್ಯಾಯಗಳು ಸಾಗಿ, ಕೊನೆಯಲ್ಲಿ ಊರುಗಳ ವಿವರ ಬರುತ್ತದೆ. 1876ರಿಂದ 1878ರವರೆಗಿನ ಭೀಕರ ಬರ ಕಳೆದು ಕೆಲವೇ ವರ್ಷಗಳಾಗಿದ್ದ ಕಾಲದ ಬರಹವಿದು. ಗೋಕಾಕದ ನೀರಿನ ಬಲದಿಂದ ಹತ್ತಿಗಿರಣಿ ಓಡತೊಡಗಿದ್ದು 1887ರಲ್ಲಿ. ಹಾಗಾಗಿ ಗಿರಣಿಯ ಸಿಳ್ಳು ಕೇಳುವುದಕ್ಕೆ ಮೊದಲಿನ ಗೋಕಾಕವನ್ನು ಕಾಣಬೇಕಾದರೆ ಈ ಸಂಪುಟವೇ ದಾರಿ. ಘಟಪ್ರಭೆ 52 ಮೀಟರು ಎತ್ತರದಿಂದ ಧುಮುಕುವ ಜಾಗದಲ್ಲಿ ಆಗ ಇದ್ದದ್ದು ಹಳೆಯ ಗುಡಿಗಳು ಮತ್ತು ಬಂಡೆ.

ಗ್ಯಾಸೆಟಿಯರನ್ನು ನಂಬಿ ಓದಬೇಕು, ಆದರೆ ಪೂರ್ತಿ ಒಪ್ಪಿಕೊಂಡು ಓದಬಾರದು. ಕಂದಾಯ ವಸೂಲಿ ಮಾಡುವವರಿಗೆ ಬೇಕಾದ ಮಾಹಿತಿಯೇ ಅದರ ಬೆನ್ನೆಲುಬು. ಎರೆಭೂಮಿ ಎಷ್ಟು, ಮಸಾರಿ ಎಷ್ಟು, ಯಾವ ಜಾತಿಯವರು ಏನು ಉಣ್ಣುತ್ತಾರೆ, ಮದುವೆಗೆ ಎಷ್ಟು ಖರ್ಚು ಮಾಡುತ್ತಾರೆ ಎಂಬುದೆಲ್ಲ ಅದರಲ್ಲಿದೆ. ಉಣ್ಣುವವರ ಮಾತು ಮಾತ್ರ ಎಲ್ಲಿಯೂ ಇಲ್ಲ. ಸ್ವಾತಂತ್ರ್ಯಾನಂತರ ಕರ್ನಾಟಕ ಸರ್ಕಾರ ಸೂರ್ಯನಾಥ ಕಾಮತರ ಸಂಪಾದಕತ್ವದಲ್ಲಿ ಹೊರತಂದ ಬೆಳಗಾವಿ ಜಿಲ್ಲಾ ಗ್ಯಾಸೆಟಿಯರ್ ಈ ಕೊರತೆಯನ್ನು ಒಂದಿಷ್ಟು ತುಂಬಿತು. ಸ್ವಾತಂತ್ರ್ಯ ಹೋರಾಟ, ಏಕೀಕರಣ, ಸಹಕಾರ ಸಂಘಗಳು, ಸಾಹಿತ್ಯ, ರಂಗಭೂಮಿಗಳಿಗೆ ಅದರಲ್ಲಿ ಜಾಗ ಸಿಕ್ಕಿತು. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಒಂದೇ ಊರಿನ ವಿವರ ಓದಿದರೆ ನೂರು ವರ್ಷಗಳಲ್ಲಿ ಏನೇನು ಬದಲಾಯಿತೆಂದು ತಾನಾಗಿ ತಿಳಿಯುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ಶಾಸನಗಳಿವೆ. ಗೋಕಾಕದ ಹತ್ತಿರದ ಕೊಣ್ಣೂರಿನಲ್ಲಿ ಪ್ರಾಗೈತಿಹಾಸಿಕ ಕಾಲದ ಕಲ್ಗೋರಿಗಳಿವೆ, ಸವದತ್ತಿಯ ರಟ್ಟರ ಕಾಲದ ಜೈನ ಕುರುಹುಗಳೂ ಇವೆ. ಬೆಳಗಾವಿ ಭಾಗದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ 1870ರ ದಶಕದಲ್ಲಿ ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದರು. ಕನ್ನಡ ಜಿಲ್ಲೆಗಳ ರಾಜವಂಶಗಳ ಕುರಿತು ಅವರು ಬರೆದ ಗ್ರಂಥ ಇಂದಿಗೂ ಸಂಶೋಧಕರ ಮೇಜಿನ ಮೇಲಿರುತ್ತದೆ. ಫ್ಲೀಟರ ಬರಹ ಒಣ. ಅದೇ ಸಾಮಗ್ರಿಗೆ ಕನ್ನಡದ ಉಸಿರು ತುಂಬಿದ್ದು ಆಲೂರ ವೆಂಕಟರಾಯರು. ಅವರ ‘ಕರ್ನಾಟಕ ಗತವೈಭವ’ 1917ರಲ್ಲಿ ಹೊರಬಂದಾಗ ಮುಂಬಯಿ ಕರ್ನಾಟಕದ ಓದು ಬಲ್ಲ ಮನೆಗಳಲ್ಲಿ ತಮ್ಮದೂ ಒಂದು ಚರಿತ್ರೆ ಇದೆಯೆಂಬ ಎಚ್ಚರ ಮೂಡಿತು. ಹುಕ್ಕೇರಿಯಲ್ಲಿ ಇಂದಿಗೂ ನಿಂತಿರುವ ಆದಿಲಶಾಹಿ ಕಾಲದ ಗುಮ್ಮಟಗಳು ಆ ಗತವೈಭವದ ಚಿತ್ರದೊಳಗೆ ಅಷ್ಟಾಗಿ ಬರಲಿಲ್ಲ. ಅವುಗಳಿಗೆ ಬಿಜಾಪುರದ ಚರಿತ್ರೆಯನ್ನೇ ಬೇರೆಯಾಗಿ ಓದಬೇಕು.

ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಚರಿತ್ರೆ ವ್ಯಕ್ತಿಗಳ ನೆನಪಾಗಿ ಬದಲಾಗುತ್ತದೆ. ‘ಕರ್ನಾಟಕದ ಸಿಂಹ’ರೆನಿಸಿದ ಗಂಗಾಧರರಾವ್ ದೇಶಪಾಂಡೆಯವರು ಬೆಳಗಾವಿ ತಾಲೂಕಿನ ಹುದಲಿಯವರು. ಹುದಲಿ ಗೋಕಾಕ ಸೀಮೆಗೆ ಹತ್ತಿರದ ಹಳ್ಳಿ, ಖಾದಿಯ ಕೇಂದ್ರ. 1937ರಲ್ಲಿ ಗಾಂಧಿ ಸೇವಾ ಸಂಘದ ಸಭೆಗೆ ಗಾಂಧೀಜಿ ಅಲ್ಲಿಗೇ ಬಂದಿದ್ದರು. ದೇಶಪಾಂಡೆಯವರು ಆತ್ಮಕಥೆ ಬರೆದದ್ದು ಮರಾಠಿಯಲ್ಲಿ. ತಿಳಕರ ಅನುಯಾಯಿಯಾಗಿದ್ದವರು ಗಾಂಧಿಯವರ ಕಡೆಗೆ ಬಂದು, 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನು ಹೊತ್ತು ನಡೆಸಿದವರ ಬದುಕು ಮರಾಠಿಯಲ್ಲಿದೆಯೆಂಬ ಕಾರಣಕ್ಕೆ ಕನ್ನಡ ಓದುಗರಿಗೆ ದೂರವಾಗಬಾರದು. ಗಡಿಯ ಜಗಳ ಹುಟ್ಟುವ ಮೊದಲು ಎರಡು ಭಾಷೆಗಳು ಒಂದೇ ಮನೆಯಲ್ಲಿ ಹೇಗೆ ಇದ್ದವೆಂಬುದಕ್ಕೆ ಆ ಬದುಕು ಸಾಕ್ಷಿ.

ಆ ಅಧಿವೇಶನದ ಸ್ವಯಂಸೇವಕರನ್ನು ಸಜ್ಜುಗೊಳಿಸಿದ ಡಾ. ನಾ. ಸು. ಹರ್ಡೀಕರರ ಜೀವನ ಹೊರನಾಡಿನ ಕನ್ನಡಿಗರಿಗೆ ವಿಶೇಷವಾಗಿ ಹತ್ತಿರವಾದದ್ದು. 1889ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು 1913ರಲ್ಲಿ ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯ ಓದಿದರು. ಲಾಲಾ ಲಜಪತರಾಯರು 1917ರಲ್ಲಿ ನ್ಯೂಯಾರ್ಕಿನಲ್ಲಿ ಹೋಮ್ ರೂಲ್ ಲೀಗ್ ಕಟ್ಟಿದಾಗ ಹರ್ಡೀಕರರು ಅವರ ಬಲಗೈಯಾಗಿ ದುಡಿದರು. ಆ ದಿನಗಳ ಕುರಿತು ಅವರು ‘ಲಾಲಾ ಲಜಪತರಾಯ್ ಇನ್ ಅಮೆರಿಕ’ ಎಂಬ ಇಂಗ್ಲಿಷ್ ಪುಸ್ತಕ ಬರೆದಿದ್ದಾರೆ. ನೂರು ವರ್ಷಗಳ ಹಿಂದೆ ಪರದೇಶದಲ್ಲಿ ಓದುತ್ತಿದ್ದ ಕನ್ನಡ ನಾಡಿನ ತರುಣನೊಬ್ಬ ತಾಯ್ನಾಡಿಗಾಗಿ ಏನು ಮಾಡಿದನೆಂದು ತಿಳಿಯಲು ಇದಕ್ಕಿಂತ ನೇರವಾದ ಆಕರ ಅಪರೂಪ. ತಾಯ್ನಾಡಿಗೆ ಮರಳಿದ ಮೇಲೆ ಅವರು ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಸೆರೆಮನೆ ಸೇರಿದರು. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ವೇಳೆಗೆ ಅವರ ಮುಂದಾಳತ್ವದಲ್ಲಿ ಹಿಂದೂಸ್ತಾನಿ ಸೇವಾದಳವೆಂಬ ಸ್ವಯಂಸೇವಕರ ಪಡೆ ರೂಪುಗೊಂಡಿತು. 1929ರಲ್ಲಿ ಡಾ. ಕೊಕಟನೂರ ಮೊದಲಾದವರೊಡನೆ ಅವರು ಕಟ್ಟಿದ ಕರ್ನಾಟಕ ಆರೋಗ್ಯಧಾಮ ಗೋಕಾಕ ತಾಲೂಕಿನ ಘಟಪ್ರಭಾದಲ್ಲಿದೆ. ರಾಜ್ಯಸಭೆಯ ಸದಸ್ಯರಾದರೂ, 1958ರಲ್ಲಿ ಪದ್ಮಭೂಷಣ ಬಂದರೂ ಅವರ ಹೆಸರು ಇಂದಿಗೂ ಘಟಪ್ರಭಾದೊಡನೆಯೇ ಬೆಸೆದುಕೊಂಡಿದೆ.

ಗೋಕಾಕ ತಾಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ. ಸಿ. ಪಾವಟೆಯವರ ನೆನಪುಗಳದು ಬೇರೊಂದು ಲೋಕ. ಧಾರವಾಡದ ಕರ್ನಾಟಕ ಕಾಲೇಜಿನಿಂದ ಕೇಂಬ್ರಿಜ್‌ಗೆ ಹೋಗಿ, ಗಣಿತದಲ್ಲಿ ರ‍್ಯಾಂಗ್ಲರ್ ಆಗಿ ಬಂದ ಅವರು ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಮುಂಬಯಿ ರಾಜ್ಯದ ಶಿಕ್ಷಣ ಇಲಾಖೆಯ ನಿರ್ದೇಶಕರಾದರು, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು. 1964ರಲ್ಲಿ ಬಂದ ‘ಮೆಮೊಯರ್ಸ್ ಆಫ್ ಎನ್ ಎಜುಕೇಶನಲ್ ಅಡ್ಮಿನಿಸ್ಟ್ರೇಟರ್’ ಆ ಬದುಕಿನ ಕಥನ. ಧಾರವಾಡದ ಗುಡ್ಡದ ಮೇಲೆ ವಿಶ್ವವಿದ್ಯಾಲಯವೊಂದು ಎದ್ದು ನಿಂತ ಬಗೆಯನ್ನು ಕಟ್ಟಿದವರ ಕಡೆಯಿಂದಲೇ ತಿಳಿಯಲು ಈ ಪುಸ್ತಕ ಬೇಕು.

ಪಾವಟೆಯವರ ಎರಡನೆಯ ಪುಸ್ತಕ ‘ಮೈ ಡೇಸ್ ಆ್ಯಸ್ ಗವರ್ನರ್’ 1974ರದು. 1967ರಿಂದ 1973ರವರೆಗೆ ಅವರು ಪಂಜಾಬಿನ ರಾಜ್ಯಪಾಲರಾಗಿದ್ದರು. ಪಕ್ಷಾಂತರಗಳಿಂದ ಅಲ್ಲಿ ಸರ್ಕಾರಗಳು ಉರುಳುತ್ತಿದ್ದ ಕಾಲ. 1968ರ ಮಾರ್ಚಿನಲ್ಲಿ ಬಜೆಟ್ ಮುಂದಿರುವಾಗಲೇ ಸ್ಪೀಕರ್ ವಿಧಾನಸಭೆಯನ್ನು ಎರಡು ತಿಂಗಳು ಮುಂದೂಡಿಬಿಟ್ಟರು. ರಾಜ್ಯಪಾಲರು ಅಧಿವೇಶನವನ್ನು ಮುಕ್ತಾಯಗೊಳಿಸಿ, ಸುಗ್ರೀವಾಜ್ಞೆ ಹೊರಡಿಸಿ, ಮತ್ತೆ ಸಭೆ ಕರೆದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ, ರಾಜ್ಯಪಾಲರ ಕ್ರಮ ಸರಿಯೆಂದು ತೀರ್ಪಾಯಿತು. ರಾಜ್ಯಪಾಲರ ಅಧಿಕಾರದ ಚರ್ಚೆ ಬಂದಾಗಲೆಲ್ಲ ಈ ತೀರ್ಪು ಈಗಲೂ ನೆನಪಾಗುತ್ತದೆ. ಅದರ ಹಿಂದೆ ಮಮದಾಪುರದ ಮನುಷ್ಯ ಇದ್ದರೆಂಬುದು ಗೋಕಾಕದ ಎಳೆಯರಿಗೆ ತಿಳಿದಿರಬೇಕಾದ ಸಂಗತಿ. ಎರಡೂ ಪುಸ್ತಕಗಳು ಆಡಳಿತಗಾರನ ದೃಷ್ಟಿಯಿಂದ ಬಂದವು, ಕಚೇರಿಯ ಒಳಗಿನಿಂದ ನಾಡನ್ನು ನೋಡಿದವು.

ಸೀಮೆಯನ್ನು ಅದರ ಮಣ್ಣಿನಿಂದಲೇ ಕಾಣಿಸುವ ಪುಸ್ತಕ ಬಸವರಾಜ ಕಟ್ಟೀಮನಿಯವರ ‘ಕುಂದರನಾಡಿನ ಕಂದ’. ಒಂದೇ ಪುಸ್ತಕ ಆರಿಸಿಕೊಳ್ಳಬೇಕೆಂದರೆ ಆರಿಸಿಕೊಳ್ಳಬೇಕಾದದ್ದು ಇದನ್ನು. ಕಟ್ಟೀಮನಿಯವರು 1919ರ ಅಕ್ಟೋಬರ್ 5ರಂದು ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ ಹುಟ್ಟಿದರು. ಅಂಕಲಗಿಯ ಸುತ್ತಲಿನ, ಮಳೆಯನ್ನೇ ನಂಬಿದ ಹಳ್ಳಿಗಳ ಭಾಗಕ್ಕೆ ಕುಂದರನಾಡು ಎಂಬ ಹೆಸರು. ಹೊಳೆಯ ನೀರಾವರಿ ಕಂಡ ಘಟಪ್ರಭೆಯ ದಂಡೆಗೂ ಈ ಹಳ್ಳಿಗಳಿಗೂ ಬದುಕಿನ ಅಂತರ ದೊಡ್ಡದು. ಪ್ರಶಸ್ತಿ, ಪದವಿಗಳನ್ನೆಲ್ಲ ಕಂಡ ಲೇಖಕ ತನ್ನ ಬಾಳಿನ ಕಥೆಗೆ ಈ ಬಡ ನಾಡಿನ ಹೆಸರನ್ನೇ ಇಟ್ಟದ್ದು ಅವರ ನಿಷ್ಠೆ ಎಲ್ಲಿತ್ತೆಂದು ಹೇಳುತ್ತದೆ.

ಕಟ್ಟೀಮನಿಯವರು ಮೊದಲು ಪತ್ರಕರ್ತರು. 1942ರ ಚಳವಳಿಯಲ್ಲಿ ಸೆರೆಮನೆ ಕಂಡವರು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಆಗ ಚಾವಡಿಗಳು ಸುಟ್ಟವು, ತಂತಿಗಳು ತುಂಡಾದವು, ಟಪಾಲಿನ ಚೀಲಗಳು ಮಾಯವಾದವು. ಇದೆಲ್ಲ ಅವರ ‘ಮಾಡಿ ಮಡಿದವರು’ ಕಾದಂಬರಿಯ ಹಿನ್ನೆಲೆ. ಪತ್ರಿಕಾ ಲೋಕದ ಅನುಭವ ‘ಜ್ವಾಲಾಮುಖಿಯ ಮೇಲೆ’ ಕಾದಂಬರಿಯಾಯಿತು, ಅದಕ್ಕೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂದಿತು. ಅ.ನ.ಕೃ., ತ.ರಾ.ಸು., ನಿರಂಜನರೊಡನೆ ಪ್ರಗತಿಶೀಲ ಪಂಥದಲ್ಲಿ ನಿಂತ ಅವರು 1980ರಲ್ಲಿ ಬೆಳಗಾವಿಯಲ್ಲೇ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 1989ರಲ್ಲಿ ತೀರಿಕೊಂಡರು. ಆತ್ಮಕಥೆಯನ್ನೂ ಆ ಎರಡು ಕಾದಂಬರಿಗಳನ್ನೂ ಒಟ್ಟಿಗೆ ಓದುವುದು ಒಳ್ಳೆಯದು. ಕಾದಂಬರಿಯಲ್ಲಿ ಪಾತ್ರಗಳ ಸಿಟ್ಟಾಗಿ ಬಂದದ್ದು ಯಾವ ಬದುಕಿನಿಂದ ಎದ್ದಿತೆಂಬುದು ಆಗ ಗೊತ್ತಾಗುತ್ತದೆ. ಇದೇ ಹೋರಾಟದ ಕುರಿತು ಸೂರ್ಯನಾಥ ಕಾಮತರು ಸಂಪಾದಿಸಿದ ‘ಸ್ವಾತಂತ್ರ್ಯ ಸಂಗ್ರಾಮದ ಸ್ಮೃತಿಗಳು’ ಸಂಪುಟಗಳಲ್ಲಿ ನಾಡಿನ ಅನೇಕ ಹೋರಾಟಗಾರರ ಬಾಯಿಮಾತುಗಳಿವೆ. ಪ್ರಸಿದ್ಧರಲ್ಲದವರ ನೆನಪು ಉಳಿದದ್ದು ಇಂಥ ಕೆಲಸದಿಂದ.

ಕಟ್ಟೀಮನಿಯವರಿಗಿಂತ ಒಂದು ತಲೆಮಾರು ಹಿರಿಯರಾದ ಬೆಟಗೇರಿ ಕೃಷ್ಣಶರ್ಮರು, ಅಂದರೆ ‘ಆನಂದಕಂದ’ರು, 1900ರಲ್ಲಿ ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದರು. ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದು, ‘ಜಯಕರ್ನಾಟಕ’ ಪತ್ರಿಕೆಯಲ್ಲಿ ದುಡಿದು, 1938ರಿಂದ ‘ಜಯಂತಿ’ ಮಾಸಪತ್ರಿಕೆಯನ್ನು ನಡೆಸಿದರು. ಅವರ ಕವಿತೆಗಳಷ್ಟೇ ಮುಖ್ಯವಾದದ್ದು ‘ಕರ್ನಾಟಕ ಜನಜೀವನ’. ಹಳ್ಳಿಯ ಹಬ್ಬ, ನಡೆನುಡಿ, ಹಾಡುಗಳನ್ನು ಹಳ್ಳಿಯಲ್ಲೇ ಬೆಳೆದವರೊಬ್ಬರು ಗದ್ಯದಲ್ಲಿ ಹೇಳಿದ ಪುಸ್ತಕವದು. ಗ್ಯಾಸೆಟಿಯರಿನಲ್ಲಿ ಅಂಕಿಯಾಗಿದ್ದ ಜನ ಇಲ್ಲಿ ಮಾತಾಡತೊಡಗುತ್ತಾರೆ.

ಆ ಕೆಲಸವನ್ನು ಶಾಸ್ತ್ರೀಯವಾಗಿ ಮುಂದುವರಿಸಿದವರು ಚಂದ್ರಶೇಖರ ಕಂಬಾರರು. 1937ರಲ್ಲಿ ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ ಹುಟ್ಟಿ, ಬಡತನದಿಂದ ಓದು ನಿಲ್ಲುವ ಹೊತ್ತಿಗೆ ಸಾವಳಗಿ ಮಠದ ಸಿದ್ಧರಾಮ ಸ್ವಾಮಿಗಳ ಆಸರೆ ದೊರೆತು ಓದಿದವರು. ಜ್ಞಾನಪೀಠದ ಕಾರಣದಿಂದ ಅವರ ನಾಟಕ, ಕಾದಂಬರಿಗಳು ಎಲ್ಲರಿಗೂ ಗೊತ್ತು. ಅವರ ಸಂಶೋಧನೆ ಗೊತ್ತಿರುವವರು ಕಡಿಮೆ. 1966ರಲ್ಲಿ ‘ಸಂಗ್ಯಾ-ಬಾಳ್ಯಾ’ ಸಣ್ಣಾಟದ ಸಂಪಾದನೆ, 1968ರಲ್ಲಿ ‘ಬಣ್ಣಿಸಿ ಹಾಡವ್ವ ನನ್ನ ಬಳಗ’ ಎಂಬ ಹಾಡುಗಳ ಸಂಗ್ರಹ, 1980ರಲ್ಲಿ ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’, 1985ರಲ್ಲಿ ಅವರ ಸಂಪಾದಕತ್ವದ ‘ಕನ್ನಡ ಜಾನಪದ ವಿಶ್ವಕೋಶ’. ಕುಲಗೋಡ ತಮ್ಮಣ್ಣ ರಂಗಕ್ಕೆ ತಂದ ‘ಶ್ರೀಕೃಷ್ಣ ಪಾರಿಜಾತ’, ಆ ಆಟದಲ್ಲಿ ಹೆಣ್ಣುಮಕ್ಕಳೇ ಹೆಣ್ಣು ಪಾತ್ರ ವಹಿಸುವ ರೂಢಿಗೆ ಹೆಸರು ತಂದ ಕೌಜಲಗಿ ನಿಂಗಮ್ಮ, ಊರೂರು ತಿರುಗಿದ ಮೇಳಗಳು ಇವೆಲ್ಲ ಈ ಸೀಮೆಯವೇ. ಆತ್ಮಕಥೆ ಬರೆಯುವ ಅನುಕೂಲವಿಲ್ಲದ ಕಲಾವಿದರ ಬದುಕನ್ನು ಜನಪದ ರಂಗಭೂಮಿಯ ಅಧ್ಯಯನಗಳಲ್ಲೇ ಹುಡುಕಬೇಕು. ಅದರಲ್ಲೂ ಹೆಣ್ಣುಮಕ್ಕಳ ಚರಿತ್ರೆ ಬೇಕಾದವರಿಗೆ ಈ ಪುಸ್ತಕಗಳೇ ಮೊದಲ ಮೆಟ್ಟಿಲು.

ಇಲ್ಲೊಂದು ಗೊಂದಲ ನಿವಾರಿಸುವುದು ಅಗತ್ಯ. ‘ಗೋಕಾಕ ವರದಿ’, ‘ಗೋಕಾಕ ಚಳವಳಿ’ಗಳ ಹೆಸರು ಬಂದದ್ದು ವಿ. ಕೃ. ಗೋಕಾಕರಿಂದ, ಈ ಊರಿನಿಂದಲ್ಲ. ಅವರು ಹುಟ್ಟಿದ್ದು 1909ರಲ್ಲಿ ಸವಣೂರಿನಲ್ಲಿ. ಹಾಗೆಯೇ ಗಾಯಕ ಹುಕ್ಕೇರಿ ಬಾಳಪ್ಪನವರೂ ಹೆಸರಿನಲ್ಲಿ ಹುಕ್ಕೇರಿ ಇದ್ದರೂ ಮುರಗೋಡದವರು. ಆದರೂ ವಿ. ಕೃ. ಗೋಕಾಕರ ಪ್ರವಾಸಕಥನ ‘ಸಮುದ್ರದಾಚೆಯಿಂದ’ ಹೊರದೇಶದ ಕನ್ನಡಿಗರು ಓದಲೇಬೇಕಾದದ್ದು.

ಜೀವನ ಚರಿತ್ರೆಗಾಗಿ ಕಾದಿರುವ ಹೆಸರುಗಳೂ ಇವೆ. ವಂಟಮುರಿಯ ರಾಜಾ ಲಖಮಗೌಡರ ಹೆಸರು ಹಿಡಕಲ್ ಜಲಾಶಯಕ್ಕೂ ಬೆಳಗಾವಿಯ ಕಾನೂನು ಕಾಲೇಜಿಗೂ ಇದೆ. ಅವರ ದಾನದ ಕಥೆ ಮನೆಮಾತಾಗುವಷ್ಟು ವಿಸ್ತಾರವಾಗಿ ಬರಬೇಕು. ಹಿಡಕಲ್ ಹಿನ್ನೀರಿನಲ್ಲಿ ಹೊಲಮನೆ ಕಳೆದುಕೊಂಡ ಹುಕ್ಕೇರಿ ತಾಲೂಕಿನ ಹಳ್ಳಿಗರ ನೆನಪುಗಳನ್ನು, ಗೋಕಾಕ ಗಿರಣಿಯಲ್ಲಿ ತಲೆಮಾರುಗಳ ಕಾಲ ದುಡಿದವರ ಮಾತುಗಳನ್ನು ಹಿರಿಯರು ಇರುವಾಗಲೇ ಬರೆದಿಟ್ಟುಕೊಳ್ಳಬೇಕು. ರಜೆಗೆ ಊರಿಗೆ ಬರುವ ಹೊರನಾಡಿನ ಮಕ್ಕಳು ಅಜ್ಜ, ಅಜ್ಜಿಯ ಮುಂದೆ ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು ಈ ಕೆಲಸ ಶುರುಮಾಡಬಹುದು.

ಓದಿನ ಕ್ರಮ ಹೇಳುವುದಾದರೆ ಮೊದಲು ‘ಕುಂದರನಾಡಿನ ಕಂದ’, ಆಮೇಲೆ ‘ಕರ್ನಾಟಕ ಜನಜೀವನ’, ಅನಂತರ ಕಂಬಾರರ ರಂಗಭೂಮಿಯ ಅಧ್ಯಯನ. ಇಂಗ್ಲಿಷಿನಲ್ಲೇ ಬೆಳೆದ ಮಕ್ಕಳಿಗೆ ಪಾವಟೆ, ಹರ್ಡೀಕರರ ಪುಸ್ತಕಗಳಿಂದ ಆರಂಭಿಸಬಹುದು. ಜನರ ಮಾತು ಕಿವಿಯಲ್ಲಿ ಕುಳಿತ ಮೇಲೆ 1884ರ ಗ್ಯಾಸೆಟಿಯರ್ ಓದಿದರೆ ಅದರ ಅಂಕಿಗಳು ಬೇರೆಯೇ ಅರ್ಥ ಕೊಡುತ್ತವೆ. ಆ ಸಂಪುಟ ಹಕ್ಕುಸ್ವಾಮ್ಯದ ಅವಧಿ ಮುಗಿದದ್ದರಿಂದ ಅಂತರಜಾಲದಲ್ಲಿ ಉಚಿತವಾಗಿ ದೊರೆಯುತ್ತದೆ. ಉಳಿದವುಗಳಲ್ಲಿ ಹಳೆಯ ಮುದ್ರಣಗಳಿಗೆ ಧಾರವಾಡ, ಬೆಳಗಾವಿಗಳ ಗ್ರಂಥಾಲಯಗಳಲ್ಲಿ ವಿಚಾರಿಸಬೇಕು.